ಅಧ್ಯಾಪಕರ ಒಂದು ಕಾರವಾನ್
ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮೊದಲ ತಲೆಮಾರಿನ ಗುರುಗಳು

ಬೀದರಿಗೆ ಹೋದವರೆಲ್ಲ ಮಹಮೂದ್ ಗವಾನರ ಮದರಸವನ್ನು ನೋಡಿ ಬರುತ್ತಾರೆ. 1472ರಲ್ಲಿ ಕಟ್ಟಲಾದ ಆ ವಿದ್ಯಾಲಯದ ಮುಂಭಾಗದಲ್ಲಿ ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲೆ ಅಲ್ಲಲ್ಲಿ ಬಣ್ಣದ ಹೆಂಚುಗಳ ತುಣುಕುಗಳಿವೆ. ನಾವು ಫೋಟೋ ತೆಗೆದುಕೊಳ್ಳುತ್ತೇವೆ, ಬಹಮನಿ ವೈಭವದ ಬಗ್ಗೆ ನಾಲ್ಕು ಮಾತಾಡುತ್ತೇವೆ, ಹಿಂದಿರುಗುತ್ತೇವೆ. ಆದರೆ ಅಲ್ಲಿ ಪಾಠ ಹೇಳಿದವರು ಯಾರು, ಅವರು ಎಲ್ಲಿಂದ ಬಂದರು, ಕೊನೆಗೆ ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ. ಕಟ್ಟಿಸಿದವರ ಹೆಸರನ್ನು ಇತಿಹಾಸ ಜೋಪಾನ ಮಾಡುತ್ತದೆ. ಕಲಿಸಿದವರ ಹೆಸರು ಬಹುಬೇಗ ಅಳಿಸಿಹೋಗುತ್ತದೆ.

ಗವಾನರ ಬಗ್ಗೆ ಆಧುನಿಕ ಕಾಲದಲ್ಲಿ ಅಧಿಕೃತ ಗ್ರಂಥ ಬರೆದವರು ಹಾರೂನ್ ಖಾನ್ ಶೇರ್ವಾನಿ. ಅವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಅದು ಈ ಜಿಲ್ಲೆಗಳ ಕನ್ನಡಿಗರಿಗೂ ಸೇರಿದ ವಿಶ್ವವಿದ್ಯಾನಿಲಯವಾಗಿತ್ತು. ಅಲ್ಲಿನ ಮೊದಲ ತಲೆಮಾರಿನ ಅಧ್ಯಾಪಕರು ಯಾರು ಎಂಬುದನ್ನು ತಿಳಿಯುವುದು ನಮ್ಮದೇ ಮನೆಯ ಹಳೆಯ ಪೆಟ್ಟಿಗೆಯೊಂದನ್ನು ತೆರೆದಂತೆ.

ಮೊದಲು ಪುಸ್ತಕ, ನಂತರ ತರಗತಿ

1916ರಲ್ಲಿ ಆರಂಭವಾದ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೂ ಸೇರಿದಂತೆ ಅಂದಿನ ಭಾರತದ ವಿಶ್ವವಿದ್ಯಾನಿಲಯಗಳು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದವು. 1917ರಲ್ಲಿ ಹೈದರಾಬಾದಿನ ಅಧಿಕಾರಿ ಅಕ್ಬರ್ ಹೈದರಿಯವರು ನಿಜಾಮ ಮೀರ್ ಉಸ್ಮಾನ್ ಅಲೀ ಖಾನರಿಗೆ ಒಂದು ಮನವಿಪತ್ರ ಸಲ್ಲಿಸಿದರು. ಪರಭಾಷೆಯಲ್ಲಿ ಕಲಿಯುವ ವಿದ್ಯಾರ್ಥಿಯ ಶಕ್ತಿಯೆಲ್ಲ ಭಾಷೆಯನ್ನು ಅರಗಿಸಿಕೊಳ್ಳುವುದರಲ್ಲೇ ವ್ಯಯವಾಗುತ್ತದೆ, ವಿಷಯ ಅವನ ಕೈಗೆ ಸಿಗುವುದಿಲ್ಲ ಎಂಬುದು ಅವರ ವಾದದ ಸಾರ. ನಿಜಾಮರು ಒಪ್ಪಿದರು. 1918ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾಪನೆಯ ಫರ್ಮಾನು ಹೊರಟಿತು. ಬೋಧನೆ ಉರ್ದುವಿನಲ್ಲಿ, ಇಂಗ್ಲಿಷ್ ಒಂದು ಕಡ್ಡಾಯ ಭಾಷೆಯಾಗಿ ಮಾತ್ರ ಎಂದು ತೀರ್ಮಾನವಾಯಿತು.

ಆದರೆ ಉರ್ದುವಿನಲ್ಲಿ ಭೌತಶಾಸ್ತ್ರ, ಅರ್ಥಶಾಸ್ತ್ರ, ಕಾನೂನು ಕಲಿಸಲು ಪುಸ್ತಕಗಳೆಲ್ಲಿ? ಆದ್ದರಿಂದ ತರಗತಿಗಳಿಗಿಂತ ಮೊದಲೇ, 1917ರಲ್ಲಿ ‘ದಾರುತ್ತರ್ಜುಮಾ’ ಎಂಬ ಭಾಷಾಂತರ ಸಂಸ್ಥೆ ಹುಟ್ಟಿತು. ವಿಷಯ ಬಲ್ಲವರನ್ನೂ ಭಾಷೆ ಬಲ್ಲವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಒಂದೊಂದು ಪಾರಿಭಾಷಿಕ ಪದವನ್ನೂ ಚರ್ಚಿಸಿ ನಿರ್ಧರಿಸಲಾಗುತ್ತಿತ್ತು. ಭೌತಶಾಸ್ತ್ರಕ್ಕೆ ‘ತಬೀಇಯಾತ್’, ಅರ್ಥಶಾಸ್ತ್ರಕ್ಕೆ ‘ಮಆಶಿಯಾತ್’, ಜೀವಶಾಸ್ತ್ರಕ್ಕೆ ‘ಹಯಾತಿಯಾತ್’ ಎಂಬ ಪದಗಳು ಹೀಗೆ ಪಠ್ಯಗಳಲ್ಲಿ ನೆಲೆಯಾದವು. ಅನುವಾದ ಸಾಹಿತ್ಯಕವಾಗಿ ಸರಿಯಿದೆಯೇ ಎಂದು ನೋಡುವ ಕೆಲಸವನ್ನು ಹಲವು ವರ್ಷ ಮಾಡಿದವರು ಖ್ಯಾತ ಕವಿ ಜೋಶ್ ಮಲೀಹಾಬಾದಿ. ಮುಂದೆ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಶಿಕ್ಷಣವೂ ಉರ್ದುವಿನಲ್ಲೇ ನಡೆಯಿತು.

ಮೊದಲ ವರ್ಷ ಇದ್ದದ್ದು ಕಲಾ ಮತ್ತು ಧರ್ಮಶಾಸ್ತ್ರ ವಿಭಾಗಗಳು ಮಾತ್ರ. ವಿದ್ಯಾರ್ಥಿಗಳು 225, ಅಧ್ಯಾಪಕರು 25 ಮಂದಿ. ಸ್ವಂತ ಕಟ್ಟಡ ಇರಲಿಲ್ಲ. ಇಂದು ನಾವು ನೋಡುವ ಭವ್ಯ ಆರ್ಟ್ಸ್ ಕಾಲೇಜು ಕಟ್ಟಡ ಉದ್ಘಾಟನೆಯಾದದ್ದು 1939ರಲ್ಲಿ. ಅಂದರೆ ಇಪ್ಪತ್ತು ವರ್ಷಗಳ ಕಾಲ ಉಸ್ಮಾನಿಯಾ ಎಂದರೆ ಅದರ ಅಧ್ಯಾಪಕರೇ ಆಗಿದ್ದರು.

ಉತ್ತರದಿಂದ ಬಂದವರು

ಆ ಅಧ್ಯಾಪಕರಲ್ಲಿ ದೊಡ್ಡ ಗುಂಪು ಉತ್ತರ ಭಾರತದಿಂದ ಬಂದವರದು. ಭಾಷಾಂತರ ಸಂಸ್ಥೆಯ ಮೊದಲ ಮುಖ್ಯಸ್ಥರಾದ ಮೌಲವಿ ಅಬ್ದುಲ್ ಹಕ್ ಹಾಪುಡದವರು, ಅಲೀಗಢದಲ್ಲಿ ಓದಿದವರು. ನಿಜಾಮರ ಶಿಕ್ಷಣ ಇಲಾಖೆಯಲ್ಲಿ ದುಡಿಯುತ್ತ ಔರಂಗಾಬಾದಿನಲ್ಲಿ ಬಹುಕಾಲ ಇದ್ದ ಅವರು ಆಮೇಲೆ ಉಸ್ಮಾನಿಯಾದಲ್ಲಿ ಉರ್ದು ಪ್ರಾಧ್ಯಾಪಕರಾದರು. ಅವರ ಒಂದು ಕೆಲಸವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ದೆಹಲಿ, ಲಖನೌಗಳ ಉರ್ದುವಿಗೆ ಮನಸೋತಿದ್ದ ವಿದ್ವತ್ ಲೋಕ ದಖ್ಖನಿ ಭಾಷೆಯನ್ನು ಒರಟು ಆಡುಮಾತೆಂದು ಬದಿಗಿಟ್ಟಿತ್ತು. ಉತ್ತರದಿಂದ ಬಂದ ಈ ಮನುಷ್ಯ ದಖ್ಖನಿನ ಹಸ್ತಪ್ರತಿಗಳನ್ನು ಹುಡುಕಿ ಪ್ರಕಟಿಸಿದರು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದ ಕವಿ ನುಸ್ರತಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಪಾನೀಪತದ ವಹೀದುದ್ದೀನ್ ಸಲೀಂ ಒಮ್ಮೆ ಸರ್ ಸೈಯದರ ಸಾಹಿತ್ಯಕ ಸಹಾಯಕರಾಗಿದ್ದವರು. ಉಸ್ಮಾನಿಯಾದಲ್ಲಿ ಉರ್ದು ಕಲಿಸುತ್ತ, ಪಾರಿಭಾಷಿಕ ಪದಗಳನ್ನು ರಚಿಸುವುದು ಹೇಗೆ ಎಂಬ ಬಗ್ಗೆ ಒಂದು ಶಾಸ್ತ್ರಗ್ರಂಥ ಬರೆದರು. ಅರಬಿ, ಫಾರ್ಸಿಗಳನ್ನೇ ನೆಚ್ಚಿಕೊಂಡರೆ ಸಾಲದು, ಈ ನೆಲದ ಪದಗಳನ್ನೂ ಪ್ರತ್ಯಯಗಳನ್ನೂ ಬಳಸಬೇಕು ಎಂದು ವಾದಿಸಿದರು. ಅವರ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಅನುವಾದಗಳಲ್ಲಿ ಅರಬಿ, ಫಾರ್ಸಿ ಪದಗಳದ್ದೇ ಮೇಲುಗೈಯಾಯಿತು.

ಧರ್ಮಶಾಸ್ತ್ರ ವಿಭಾಗದಲ್ಲಿ ಮೌಲಾನಾ ಮನಾಝಿರ್ ಅಹ್ಸನ್ ಗೀಲಾನಿ ಇದ್ದರು. ಬಿಹಾರದ ಹಳ್ಳಿಯೊಂದರಿಂದ ಬಂದು ದೇವಬಂದ್‌ನಲ್ಲಿ ಓದಿದ ಆಲಿಮರು ಅವರು. ದೇವಬಂದ್ ಮತ್ತು ಅಲೀಗಢ ಎಂದರೆ ಎರಡು ವಿರುದ್ಧ ಧ್ರುವಗಳೆಂದು ತಿಳಿಯುತ್ತಿದ್ದ ಕಾಲದಲ್ಲಿ ಉಸ್ಮಾನಿಯಾದಲ್ಲಿ ಈ ಎರಡೂ ಪರಂಪರೆಯವರು ಒಂದೇ ಶಿಕ್ಷಕರ ಕೋಣೆಯಲ್ಲಿ ಕೂರುತ್ತಿದ್ದರು. ಭಾರತದ ಮುಸ್ಲಿಮರ ಶಿಕ್ಷಣ ಪದ್ಧತಿಯ ಇತಿಹಾಸವನ್ನು ಗೀಲಾನಿಯವರು ಬರೆದದ್ದು ಇಂಥ ವಾತಾವರಣದಲ್ಲಿ. ತತ್ವಶಾಸ್ತ್ರ ಕಲಿಸಿದ ಖಲೀಫಾ ಅಬ್ದುಲ್ ಹಕೀಂ ಲಾಹೋರಿನವರು. ಅವರು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ ರೂಮಿಯ ತತ್ವಚಿಂತನೆಯ ಬಗ್ಗೆ ಡಾಕ್ಟರೇಟ್ ಪಡೆದು ಬಂದರು.

ಇನ್ನು ಶೇರ್ವಾನಿಯವರು ಅಲೀಗಢದ ಕಡೆಯ ಪ್ರತಿಷ್ಠಿತ ಮನೆತನದವರು. ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರ್ ಆಗಿದ್ದರೂ ವಕೀಲಿಯ ಗಳಿಕೆಗಿಂತ ಅಧ್ಯಾಪನವನ್ನು ಆರಿಸಿಕೊಂಡರು. ಬಹಮನಿ ಇತಿಹಾಸವನ್ನು ಅರಸರ ಯುದ್ಧಗಳ ಪಟ್ಟಿಯಿಂದ ಬಿಡಿಸಿ, ಆಡಳಿತ ಮತ್ತು ಸಂಸ್ಕೃತಿಯ ಕಥೆಯಾಗಿ ನಮ್ಮ ಮುಂದಿಟ್ಟದ್ದು ಅವರ ಲೇಖನಿ. ಕಲಬುರಗಿ, ಬೀದರುಗಳ ಬಗ್ಗೆ ಇಂದು ಯಾರೇ ಬರೆದರೂ ಅವರ ಗ್ರಂಥಗಳನ್ನು ದಾಟಿ ಹೋಗಲಾರರು. ಅವರಿಗೆ 1969ರಲ್ಲಿ ಪದ್ಮಭೂಷಣ ಬಂತು.

ಸ್ವಂತ ಮಡಿಲ ಮಕ್ಕಳು

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಗುಂಪೊಂದು ಬೆಳೆದು ನಿಂತಿತು. ಇವರು ಉಸ್ಮಾನಿಯಾದಲ್ಲೇ ಓದಿ, ಯುರೋಪಿಗೆ ಹೋಗಿ, ತಿರುಗಿ ಬಂದು ಅಲ್ಲಿಯೇ ಅಧ್ಯಾಪಕರಾದವರು. ಉರ್ದುವಿನಲ್ಲಿ ಕಲಿತವರು ಲೋಕದ ಮುಂದೆ ನಿಲ್ಲಬಲ್ಲರೇ ಎಂಬ ಸಂದೇಹಕ್ಕೆ ಇವರ ಬದುಕೇ ಉತ್ತರವಾಯಿತು.

ಹೈದರಾಬಾದಿನ ರಝಿಯುದ್ದೀನ್ ಸಿದ್ದೀಕಿ ಉಸ್ಮಾನಿಯಾದ ಪದವಿ ಪಡೆದು ಕೇಂಬ್ರಿಜ್‌ಗೆ ಹೋದರು. ಅಲ್ಲಿಂದ ಲೈಪ್‌ಝಿಗ್‌ಗೆ ಹೋಗಿ ಕ್ವಾಂಟಂ ಭೌತಶಾಸ್ತ್ರದ ನಿರ್ಮಾತೃಗಳಲ್ಲೊಬ್ಬರಾದ ಹೈಸೆನ್‌ಬರ್ಗ್ ಅವರ ಬಳಿ ಸಂಶೋಧನೆ ಮಾಡಿದರು. ಊರಿಗೆ ಬಂದು ಗಣಿತ ಕಲಿಸಿದರು, ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಉರ್ದುವಿನಲ್ಲಿ ಪುಸ್ತಕ ಬರೆದರು. ಮೊಹಿಯುದ್ದೀನ್ ಕಾದ್ರಿ ಝೋರ್ ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದು ದಖ್ಖನಿ ಸಾಹಿತ್ಯದ ಅಧ್ಯಯನಕ್ಕೆ ಗಟ್ಟಿ ತಳಹದಿ ಹಾಕಿದರು. 1931ರಲ್ಲಿ ಅವರು ಸ್ಥಾಪಿಸಿದ ‘ಇದಾರ-ಎ-ಅದಬಿಯಾತ್-ಎ-ಉರ್ದು’ ಸಾವಿರಾರು ಹಸ್ತಪ್ರತಿಗಳಿಗೆ ಆಸರೆಯಾಯಿತು.

ಮುಹಮ್ಮದ್ ಹಮೀದುಲ್ಲಾಹರ ಕಥೆಯಂತೂ ಒಂದು ಕಾದಂಬರಿಗೆ ಸಾಕು. 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರದು ಮದ್ರಾಸಿನ ಹಳೆಯ ವಿದ್ವಾಂಸ ಮನೆತನ. ಅದು ನಮ್ಮ ಭಟ್ಕಳದ ಕಡೆ ಚಿರಪರಿಚಿತರಾದ ನವಾಯತರ ಮೂಲದ್ದು. ಉಸ್ಮಾನಿಯಾದ ಬಳಿಕ ಜರ್ಮನಿಯ ಬಾನ್‌ನಲ್ಲಿ ಒಂದು, ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದು ಬಂದು ಅಂತಾರಾಷ್ಟ್ರೀಯ ಕಾನೂನು ಕಲಿಸತೊಡಗಿದರು. ಯುದ್ಧ, ಸಂಧಿ, ತಾಟಸ್ಥ್ಯಗಳ ಬಗ್ಗೆ ಇಸ್ಲಾಮೀ ನ್ಯಾಯಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಆಧುನಿಕ ಕಾನೂನಿನ ಭಾಷೆಯಲ್ಲಿ ವಿವರಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು.

ಅಂಚಿನಲ್ಲಿದ್ದ ಕನ್ನಡ

ಇಷ್ಟು ಹೇಳಿ ಮುಗಿಸಿದರೆ ಅದು ಅರ್ಧ ಇತಿಹಾಸವಾಗುತ್ತದೆ. ಹೈದರಾಬಾದ್ ರಾಜ್ಯದಲ್ಲಿ ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲೊಂದು ಭಾಗ. ತೆಲುಗರು ಅರ್ಧದ ಹತ್ತಿರ, ಮರಾಠಿಗರು ಕಾಲು ಭಾಗ, ಕನ್ನಡಿಗರೂ ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗ ಇದ್ದರು. ಇಂಗ್ಲಿಷ್ ಪರಭಾಷೆ ಎಂದು ಹೈದರಿಯವರು ಹೂಡಿದ ವಾದವನ್ನೇ ರಾಯಚೂರಿನ ಒಬ್ಬ ರೈತನ ಮಗ ಉರ್ದುವಿನ ಬಗ್ಗೆ ಹೂಡಬಹುದಾಗಿತ್ತು. ಅವನಿಗೆ ಉತ್ತರ ಕೊಡುವವರು ಇರಲಿಲ್ಲ.

ಜನರ ಭಾಷೆಗಳಿಗೆ ಪ್ರತ್ಯೇಕ ವಿಭಾಗಗಳಿದ್ದವು ನಿಜ. ತೆಲುಗಿನ ಹೆಸರಾಂತ ಕವಿ ರಾಯಪ್ರೋಲು ಸುಬ್ಬರಾವ್ ಅಲ್ಲಿ ತೆಲುಗು ಪ್ರಾಧ್ಯಾಪಕರಾಗಿದ್ದರು. ಕನ್ನಡವನ್ನು ಡಿ.ಕೆ. ಭೀಮಸೇನರಾವ್ ಅವರು ಕಲಿಸಿದರು. ಆದರೆ ಕನ್ನಡ ಅಲ್ಲಿ ಕಲಿಯುವ ಒಂದು ವಿಷಯವಾಗಿತ್ತೇ ಹೊರತು ಕಲಿಕೆಯ ಮಾಧ್ಯಮವಾಗಿರಲಿಲ್ಲ. ಈ ಅಸಮಾಧಾನಕ್ಕೆ ರಾಜಕೀಯವೂ ಸೇರಿಕೊಂಡಿತು. 1938ರಲ್ಲಿ ಹಾಸ್ಟೆಲುಗಳಲ್ಲಿ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಗುರುಗಳು ಎಷ್ಟೇ ದೊಡ್ಡವರಾಗಿದ್ದರೂ, ತನ್ನ ಹೆಚ್ಚಿನ ಪ್ರಜೆಗಳ ಭಾಷೆ ಮತ್ತು ಭಾವನೆಗಳಿಂದ ದೂರ ನಿಂತ ಸಂಸ್ಥೆಯ ಬೇರು ಆಳಕ್ಕೆ ಇಳಿಯುವುದಿಲ್ಲ.

ಚದುರಿಹೋದ ಕಾರವಾನ್

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಅದಕ್ಕೆ ಮೊದಲು ರಜಾಕಾರರ ದೌರ್ಜನ್ಯವನ್ನೂ, ಅದರ ಬೆನ್ನಿಗೇ ಬೀದರ್, ಕಲಬುರಗಿ, ಮರಾಠವಾಡಗಳಲ್ಲಿ ಅಮಾಯಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಈ ನೆಲ ಕಂಡಿತು. ಕೆಲವೇ ವರ್ಷಗಳಲ್ಲಿ ಉಸ್ಮಾನಿಯಾದ ಬೋಧನಾ ಮಾಧ್ಯಮ ಇಂಗ್ಲಿಷಿಗೆ ಬದಲಾಯಿತು. ಮೂರು ದಶಕಗಳ ಪಠ್ಯಪುಸ್ತಕಗಳು ಒಮ್ಮೆಗೇ ಹಳೆಯ ಕಾಗದಗಳಾದವು.

ಅಧ್ಯಾಪಕರು ದಿಕ್ಕಿಗೊಬ್ಬರಾದರು. ದೇಶ ವಿಭಜನೆಯ ನಂತರ ಕರಾಚಿಗೆ ಹೋದ ಅಬ್ದುಲ್ ಹಕ್ 1961ರಲ್ಲಿ ಅಲ್ಲಿಯೇ ತೀರಿಕೊಂಡರು. ಅಬ್ದುಲ್ ಹಕೀಂ ಲಾಹೋರಿಗೆ ಹೋಗಿ ಅಲ್ಲಿ ಇಸ್ಲಾಮೀ ಸಂಸ್ಕೃತಿ ಅಧ್ಯಯನ ಸಂಸ್ಥೆ ಕಟ್ಟಿದರು. ಪಾಕಿಸ್ತಾನಕ್ಕೆ ಹೋದ ರಝಿಯುದ್ದೀನ್ ಸಿದ್ದೀಕಿ ಒಂದಾದ ಮೇಲೊಂದು ವಿಶ್ವವಿದ್ಯಾನಿಲಯಗಳ ಉಪಕುಲಪತಿಯಾದರು. ಗೀಲಾನಿಯವರು ನಿವೃತ್ತರಾಗಿ ಬಿಹಾರದ ತಮ್ಮ ಹಳ್ಳಿಗೆ ಮರಳಿ 1956ರಲ್ಲಿ ಕಣ್ಮುಚ್ಚಿದರು. ಕಾಶ್ಮೀರದಲ್ಲಿ ಅಧ್ಯಾಪಕರಾಗಿದ್ದಾಗ 1962ರಲ್ಲಿ ತೀರಿಕೊಂಡ ಝೋರ್ ಅವರ ಸಮಾಧಿ ಶ್ರೀನಗರದಲ್ಲಿದೆ.

ಹಮೀದುಲ್ಲಾಹರು 1948ರಲ್ಲಿ ವಿಶ್ವಸಂಸ್ಥೆಯ ಮುಂದೆ ಹೈದರಾಬಾದಿನ ಪರ ವಾದಿಸಲು ಹೋದ ನಿಯೋಗದಲ್ಲಿದ್ದರು. ಅಷ್ಟರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಗಿತ್ತು. ಯಾವ ದೇಶದ ಪೌರತ್ವವನ್ನೂ ಬಯಸದೆ ನಿರಾಶ್ರಿತರಾಗಿ ಪ್ಯಾರಿಸ್ಸಿನಲ್ಲಿ ದಶಕಗಳನ್ನು ಕಳೆದರು. 1959ರಲ್ಲಿ ಅವರ ಫ್ರೆಂಚ್ ಕುರ್‌ಆನ್ ಅನುವಾದ ಪ್ರಕಟವಾಯಿತು. 2002ರಲ್ಲಿ ಅಮೆರಿಕದಲ್ಲಿ ನಿಧನರಾದರು. ದೇಶ ದೇಶಗಳ ನಡುವಿನ ಕಾನೂನನ್ನು ಕಲಿಸಿದವರಿಗೆ ಕೊನೆಗೆ ಸ್ವಂತದ್ದೊಂದು ದೇಶ ಉಳಿಯಲಿಲ್ಲ.

ಉಳಿದವರೂ ಇದ್ದರು. ಶೇರ್ವಾನಿಯವರು ಹೈದರಾಬಾದಿನಲ್ಲೇ ನೆಲೆನಿಂತು ಇಳಿವಯಸ್ಸಿನವರೆಗೂ ದಖ್ಖನಿನ ಇತಿಹಾಸ ಬರೆದರು, 1980ರಲ್ಲಿ ನಿಧನರಾದರು. ಕರ್ನೂಲಿನಲ್ಲಿ ಹುಟ್ಟಿ ಉಸ್ಮಾನಿಯಾದಲ್ಲಿ ಇಂಗ್ಲಿಷ್ ಕಲಿಸಿದ ಸೈಯದ್ ಅಬ್ದುಲ್ ಲತೀಫರೂ ಊರು ಬಿಡಲಿಲ್ಲ. ಮೌಲಾನಾ ಆಝಾದರ ಕುರ್‌ಆನ್ ವ್ಯಾಖ್ಯಾನವನ್ನು ಇಂಗ್ಲಿಷಿಗೆ ತಂದದ್ದು ಅವರೇ. ಹೋದವರ ಕಥೆ ನಮಗೆ ಬೇಗ ಕೇಳಿಸುತ್ತದೆ. ಉಳಿದು ಸದ್ದಿಲ್ಲದೆ ದುಡಿದವರ ಕಥೆಯನ್ನು ನಾವು ಹುಡುಕಿಕೊಂಡು ಹೋಗಬೇಕಾಗುತ್ತದೆ.

ನಮಗೇನು ಪಾಠ?

ಉಸ್ಮಾನಿಯಾದ ಇತಿಹಾಸವನ್ನು ಕೆಲವರು ನಿಜಾಮರ ವೈಭವವೆಂದು ಹೊಗಳುತ್ತಾರೆ, ಕೆಲವರು ಉರ್ದು ಹೇರಿಕೆಯೆಂದು ತಳ್ಳಿಹಾಕುತ್ತಾರೆ. ಅಧ್ಯಾಪಕರ ಬದುಕಿನ ಕಡೆಯಿಂದ ನೋಡಿದರೆ ಎರಡೂ ಅಪೂರ್ಣವೆನಿಸುತ್ತವೆ. ನಮ್ಮ ದೇಶದ ಭಾಷೆಯೊಂದರಲ್ಲಿ ವೈದ್ಯಶಾಸ್ತ್ರವನ್ನೂ ಸಾಪೇಕ್ಷತಾ ಸಿದ್ಧಾಂತವನ್ನೂ ಕಲಿಸಬಹುದು ಎಂಬುದನ್ನು ಆ ಗುರುಗಳು ಮಾಡಿ ತೋರಿಸಿದರು. ಆ ಭಾಷೆ ವಿದ್ಯಾರ್ಥಿಯ ಭಾಷೆಯೂ ಆಗಿರಬೇಕು ಎಂಬುದನ್ನು ಅವರ ಸಂಸ್ಥೆಯ ವೈಫಲ್ಯ ತೋರಿಸಿತು.

ಮೈಸೂರಿನಲ್ಲಿ ಕುವೆಂಪು ಉಪಕುಲಪತಿಗಳಾಗಿದ್ದ 1956–60ರ ಅವಧಿಯಲ್ಲಿ ಕನ್ನಡ ಮಾಧ್ಯಮಕ್ಕೂ ಕನ್ನಡ ಪಠ್ಯಪುಸ್ತಕಗಳಿಗೂ ಒತ್ತು ಸಿಕ್ಕಿತು. ಹೈದರಾಬಾದಿನ ಪ್ರಯೋಗಕ್ಕೆ ಆಗ ನಾಲ್ಕು ದಶಕಗಳಾಗಿದ್ದವು. ಪದ ಹುಟ್ಟಿಸುವುದು ಹೇಗೆ, ಅನುವಾದಕರನ್ನೂ ವಿಷಯತಜ್ಞರನ್ನೂ ಜತೆಗೂಡಿಸುವುದು ಹೇಗೆ, ಯಾವ ತಪ್ಪನ್ನು ಮಾಡಬಾರದು ಎಂಬ ಅನುಭವ ನಮ್ಮ ಪಕ್ಕದಲ್ಲೇ, ನಮ್ಮದೇ ಕೆಲವು ಜಿಲ್ಲೆಗಳಲ್ಲೇ ಇತ್ತು. ಅದನ್ನು ನಾವು ಸಾಕಷ್ಟು ಬಳಸಿಕೊಂಡೆವೇ? 1998ರಲ್ಲಿ ಅದೇ ಹೈದರಾಬಾದಿನಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಕನ್ನಡದಲ್ಲಿ ವೈದ್ಯಶಾಸ್ತ್ರ, ಇಂಜಿನಿಯರಿಂಗ್ ಕಲಿಸುವ ಮಾತು ಬಂದಾಗಲೆಲ್ಲ ‘ಅದು ಆಗದ ಕೆಲಸ’ ಎನ್ನುವವರು ನಮ್ಮಲ್ಲಿ ಇಂದೂ ಇದ್ದಾರೆ. ಅವರಿಗೆ ಈ ಇತಿಹಾಸವನ್ನು ಓದಲು ಕೊಡಬೇಕು.

ಕಲ್ಯಾಣ ಕರ್ನಾಟಕದ ಹಳೆಯ ಮನೆಗಳಲ್ಲಿ, ಮಸೀದಿಗಳ ಕಪಾಟುಗಳಲ್ಲಿ, ಊರಿನ ಗ್ರಂಥಾಲಯಗಳ ಮೂಲೆಯಲ್ಲಿ ಉಸ್ಮಾನಿಯಾ ಕಾಲದ ಪಠ್ಯಪುಸ್ತಕಗಳು ಇನ್ನೂ ಸಿಕ್ಕಾವು. ಅಜ್ಜ ಓದಿದ ಪುಸ್ತಕ ಮೊಮ್ಮಗನಿಗೆ ಓದಲು ಬಾರದ ಲಿಪಿಯಲ್ಲಿದೆ ಎಂಬ ಕಾರಣಕ್ಕೆ ಅವು ತೂಕಕ್ಕೆ ಹೋಗುವ ಮೊದಲು, ಅವುಗಳ ಮೊದಲ ಪುಟವನ್ನಾದರೂ ಓದಿಸಿ ಕೇಳೋಣ. ಗವಾನರ ಮದರಸದಲ್ಲಿ ಕಲಿಸಿದವರ ಹೆಸರುಗಳನ್ನು ನಾವು ಉಳಿಸಿಕೊಳ್ಳಲಿಲ್ಲ. ಈ ಹೆಸರುಗಳು ಇನ್ನೂ ನಮ್ಮ ಕೈಯಳತೆಯಲ್ಲಿವೆ.