ಹೊಸಕೋಟೆ: ಕೆರೆ, ಕೋಟೆ ಮತ್ತು ಹೆದ್ದಾರಿ

ಹೊಸಕೋಟೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪೂರ್ವ ಅಂಚಿನ ತಾಲ್ಲೂಕು ಕೇಂದ್ರ. ಬೆಂಗಳೂರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಕೋಲಾರದ ಕಡೆಗೆ ಸಾಗುವ ಹಳೆ ಮದರಾಸು ರಸ್ತೆಯಲ್ಲಿದೆ. 2011ರ ಜನಗಣತಿಯ ಪ್ರಕಾರ ಪಟ್ಟಣದ ಜನಸಂಖ್ಯೆ ಸುಮಾರು 57 ಸಾವಿರ. ಮಹಾನಗರದ ಮಗ್ಗುಲಲ್ಲಿರುವ ಕಾರಣ ಇದಕ್ಕೆ ಸ್ವಂತ ಚರಿತ್ರೆಯೇ ಇಲ್ಲವೇನೋ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಹದಿನೆಂಟನೆಯ ಶತಮಾನದ ಮೈಸೂರಿನ ರಾಜಕೀಯಕ್ಕೆ ಹೊಸ ತಿರುವು ಕೊಟ್ಟ ಒಂದು ಒಪ್ಪಂದ ಕುದುರಿದ್ದು ಇದೇ ಊರಿನ ಕೋಟೆಯ ಎದುರಿನಲ್ಲಿ. ಇಲ್ಲಿನ ಚರಿತ್ರೆಯನ್ನು ಭೂಗೋಳದಿಂದ ಬಿಡಿಸಿ ನೋಡಲು ಬಾರದು. ನದಿಯಿಂದ ಕೆರೆ ಬಂತು. ದಾರಿಯಿಂದ ದಂಡು ಬಂತು.

ನೆಲ ಮತ್ತು ನದಿ

ತಾಲ್ಲೂಕಿನ ಪೂರ್ವಕ್ಕೆ ಕೋಲಾರ ಮತ್ತು ಮಾಲೂರು, ಪಶ್ಚಿಮಕ್ಕೆ ಬೆಂಗಳೂರು, ವಾಯವ್ಯಕ್ಕೆ ದೇವನಹಳ್ಳಿ ಇವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ತಳದಲ್ಲಿ ಪುರಾತನ ನೈಸ್ ಶಿಲೆ, ಮೇಲೆ ಕೆಂಪು ಮಣ್ಣು. ಮಳೆ ಸಾಧಾರಣ, ಅದರ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬೀಳುತ್ತದೆ. ರಾಗಿ ಇಲ್ಲಿನ ಮೂಲ ಬೆಳೆ. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಮತ್ತು ಹೂವು ನಂತರ ಬಂದವು. ಬೇಸಾಯ ಕೈಬಿಟ್ಟ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ಅಂತರ್ಜಲಕ್ಕೆ ಮಾರಕವೆಂಬ ದೂರು ಬಲವಾದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಈ ಸೀಮೆಯ ನದಿ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸುತ್ತಿನ ಗುಡ್ಡಸಾಲಿನಲ್ಲಿ ಹುಟ್ಟಿ, ದಕ್ಷಿಣಾಭಿಮುಖವಾಗಿ ಹರಿದು ಹೊಸಕೋಟೆಯನ್ನು ಹಾದು ತಮಿಳುನಾಡನ್ನು ಸೇರುತ್ತದೆ. ಅಲ್ಲಿ ಇದರ ಹೆಸರು ತೆನ್‌ಪೆಣ್ಣೈ. ಕೃಷ್ಣಗಿರಿ ಮತ್ತು ಸಾತನೂರು ಜಲಾಶಯಗಳನ್ನು ತುಂಬಿಸಿ, ಸುಮಾರು 400 ಕಿ.ಮೀ. ಪಯಣದ ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಸಮುದ್ರಕ್ಕೆ ಮುನ್ನ ಇದು ಪುದುಚೇರಿಯ ಬಾಹೂರು ಸೀಮೆಯ ಅಂಚಿನಲ್ಲಿ ಹರಿಯುತ್ತದೆ. ಒಂದು ಕಾಲಕ್ಕೆ ಫ್ರೆಂಚರ ಆಳ್ವಿಕೆಯಲ್ಲಿದ್ದ ಆ ಗದ್ದೆಬಯಲಿಗೂ ಹೊಸಕೋಟೆಯ ಹೊಲಗಳಿಗೂ ಇರುವ ನಂಟು ಇದೊಂದೇ ನದಿ. ಹೊಸಕೋಟೆಯ ಬಳಿ ಈಗ ಅದು ವರ್ಷದ ಬಹುಭಾಗ ನದಿಯಂತೆ ಕಾಣುವುದಿಲ್ಲವೆಂಬುದನ್ನೂ ಹೇಳಬೇಕು.

ಕೋಟೆ ಮತ್ತು ಕೆರೆ

ಊರನ್ನು ಕಟ್ಟಿಸಿದವನು ಸುಗಟೂರಿನ ಪಾಳೆಯಗಾರ ತಮ್ಮೇಗೌಡ. ಕಾಲ ಸುಮಾರು 1595. ಆ ಹೊತ್ತಿಗೆ ಇಲ್ಲಿ ವಿಜಯನಗರದ ಅರಸರ ಆಳ್ವಿಕೆಯಿತ್ತು. ಅವರಿಂದ ತಮ್ಮೇಗೌಡ ‘ಚಿಕ್ಕರಾಯ’ ಎಂಬ ಬಿರುದನ್ನೂ ಸೀಮೆಯನ್ನು ವಿಸ್ತರಿಸಿಕೊಳ್ಳುವ ಅನುಮತಿಯನ್ನೂ ಪಡೆದನು. ಬೆಂಗಳೂರಿನ ಕೆಂಪೇಗೌಡರ ವಂಶದಂತೆ ಇವರದೂ ಮೊರಸುನಾಡಿನ ಗೌಡರ ಮನೆತನ. ಎರಡೂ ಮನೆತನಗಳು ಒಂದೇ ಸೂತ್ರವನ್ನು ಅನುಸರಿಸಿದವು: ಕೋಟೆ ಕಟ್ಟು, ಪೇಟೆ ಕೂಡಿಸು, ಕೆರೆ ಕಟ್ಟಿಸು.

ಇಂದು ಹೊಸಕೋಟೆಗೆ ಬಂದವರ ಕಣ್ಣಿಗೆ ಕೋಟೆಗಿಂತ ಮೊದಲು ಬೀಳುವುದು ಕೆರೆಯೇ. ಮೈಸೂರು ಗ್ಯಾಜೆಟಿಯರ್ ಬರೆದ ಬಿ.ಎಲ್. ರೈಸ್ ಇದರ ಏರಿಯ ಉದ್ದವನ್ನು ಎರಡು ಮೈಲಿ ಎಂದೂ, ತುಂಬಿದಾಗ ನೀರಿನ ಸುತ್ತಳತೆ ಹತ್ತು ಮೈಲಿಗೆ ಕಡಿಮೆಯಿಲ್ಲವೆಂದೂ ದಾಖಲಿಸಿದ್ದಾರೆ. ಕೆರೆಯ ರಚನೆ ಸರಳ, ಆದರೆ ಲೆಕ್ಕಾಚಾರದ್ದು. ಇಳಿಜಾರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿಯ ಒಳಮೈಗೆ ಅಲೆಯ ಪೆಟ್ಟು ತಡೆಯಲು ಕಲ್ಲುಕಟ್ಟಣೆ ಇರುತ್ತದೆ. ಏರಿಯ ಬುಡದ ತೂಬಿನಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹೋಗುತ್ತದೆ. ಹೆಚ್ಚಾದ ನೀರು ಏರಿಯನ್ನು ಕೊಚ್ಚದಂತೆ ಒಂದು ತುದಿಯ ಕೋಡಿಯ ಮೂಲಕ ಹೊರಬಿದ್ದು, ಹಳ್ಳ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ಹೀಗೆ ಒಂದರ ಹೆಚ್ಚುವರಿ ಇನ್ನೊಂದರ ಆದಾಯವಾಗುವ ಕೆರೆಸರಣಿ ಈ ಸೀಮೆಯುದ್ದಕ್ಕೂ ಇದೆ. ತೂಬು ಎತ್ತಿ ಇಳಿಸುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಹೊಣೆ ನೀರುಗಂಟಿಯದು. ಕೊಳವೆಬಾವಿ ಬಂದ ಮೇಲೆ ಅವನ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಈಗ ಕೆರೆಯ ಅಂಗಳಕ್ಕೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಅವುಗಳ ಹಿಂದೆ ಕ್ಯಾಮೆರಾ ಹಿಡಿದ ಬೆಂಗಳೂರಿಗರೂ ಬರುತ್ತಾರೆ.

ಪಟ್ಟಣದ ಹಳೆಯ ಗುಡಿಗಳಲ್ಲಿ ಅವಿಮುಕ್ತೇಶ್ವರ ದೇವಾಲಯ ಪ್ರಮುಖವಾದದ್ದು. ಅದರ ರಥೋತ್ಸವ ವೈಶಾಖದಲ್ಲಿ ನಡೆಯುತ್ತದೆ.

ಕೈ ಬದಲಿಸಿದ ಊರು

1638ರಲ್ಲಿ ಬಿಜಾಪುರದ ಸೈನ್ಯ ಹೊಸಕೋಟೆಯನ್ನು ಗೆದ್ದಿತು. ಬೆಂಗಳೂರು, ಕೋಲಾರಗಳೊಂದಿಗೆ ಇದೂ ಶಿವಾಜಿಯ ತಂದೆ ಷಹಾಜಿಯ ಜಹಗೀರಾಯಿತು. 1687ರಲ್ಲಿ ಮೊಘಲರು ಸಿರಾ ಪ್ರಾಂತವನ್ನು ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಹೊಸಕೋಟೆಯೂ ಒಂದಾಯಿತು. 1756ರ ಸುಮಾರಿಗೆ ಮೈಸೂರು ಸೇನೆ ಇದನ್ನು ಹಿಡಿಯಿತು. ಬಳಿಕ ಮರಾಠರಿಗೂ ಮೈಸೂರಿಗೂ ನಡುವೆ ಊರು ಹಲವು ಸಲ ಕೈ ಬದಲಿಸಿತು.

1761ರ ಘಟನೆ ವಿಶೇಷವಾದದ್ದು. ಹೈದರಾಬಾದಿನ ನಿಜಾಮನ ಸೋದರ ಬಸಾಲತ್ ಜಂಗ್ ಸಿರಾವನ್ನು ಗೆಲ್ಲಲು ಹೊರಟು, ಅದು ಗಟ್ಟಿ ತುತ್ತೆಂದು ಕಂಡು ಹೊಸಕೋಟೆಗೆ ಮುತ್ತಿಗೆ ಹಾಕಿದನು. ಇದೂ ಬೇಗ ಬಗ್ಗಲಿಲ್ಲ. ಆಗಷ್ಟೇ ಮೈಸೂರಿನಲ್ಲಿ ತನ್ನ ಎದುರಾಳಿ ಖಂಡೇರಾಯನನ್ನು ಮಣಿಸಿ ಅಧಿಕಾರ ಭದ್ರಪಡಿಸಿಕೊಂಡಿದ್ದ ಹೈದರ್ ಅಲಿ ಈ ಇಕ್ಕಟ್ಟನ್ನು ಬಳಸಿಕೊಂಡನು. ಮೂರು ಲಕ್ಷ ರೂಪಾಯಿ ಕೊಟ್ಟರೆ ಸಿರಾದ ನವಾಬನೆಂಬ ಪದವಿ ಎಂದು ಮಾತಾಯಿತು. ಸಿರಾ ಆಗ ಮರಾಠರ ವಶದಲ್ಲಿತ್ತು. ಕೊಡುವವನ ಕೈಯಲ್ಲಿ ಇಲ್ಲದ ಊರನ್ನು ಕೊಳ್ಳುವವನು ಗೆದ್ದುಕೊಳ್ಳಬೇಕಿತ್ತು. ಚೌಕಾಸಿಯಲ್ಲಿ ನಷ್ಟ ಯಾರಿಗೆಂದು ಮುಂದಿನ ವರ್ಷಗಳು ತೋರಿಸಿದವು. ಇಬ್ಬರ ಸೈನ್ಯಗಳೂ ಸೇರಿ ಹೊಸಕೋಟೆಯನ್ನು ಹಿಡಿದವು, ಅನಂತರ ಸಿರಾವನ್ನೂ ಹಿಡಿದವು, ಮತ್ತು ಹೈದರ್ ಅಲಿ ಖಾನ್ ಬಹದ್ದೂರ್ ಎಂಬ ಬಿರುದು ಚರಿತ್ರೆಗೆ ಸೇರಿತು.

1768ರ ಆಗಸ್ಟ್ ರಾತ್ರಿ

ಮೊದಲನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ ಇಂಗ್ಲಿಷರೂ ಅವರ ಮಿತ್ರನಾದ ಗುತ್ತಿಯ ಮರಾಠ ನಾಯಕ ಮುರಾರಿರಾಯನೂ ಹೊಸಕೋಟೆಯ ಬಳಿ ಬೀಡುಬಿಟ್ಟಿದ್ದರು. ಆಗಸ್ಟ್ 22–23ರ ರಾತ್ರಿ ಹೈದರನ ಪಡೆ ಮರಾಠರ ಪಾಳೆಯದ ಮೇಲೆ ಎರಗಿತು. ಮುಂದಿನದನ್ನು ಇತಿಹಾಸಕಾರ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ವರ್ಣಿಸಿದ್ದಾನೆ. ಮುರಾರಿರಾಯನ ಗಾಯಗೊಂಡ ಆನೆ ಗೂಟ ಕಿತ್ತು, ತನ್ನದೇ ಸರಪಳಿಯನ್ನು ಸೊಂಡಿಲಿನಲ್ಲಿ ಬೀಸುತ್ತ ಹೈದರನ ಕುದುರೆಪಡೆಗೆ ನುಗ್ಗಿತು. ಬೆದರಿದ ಸವಾರರು ಹಿಂದಿದ್ದ ಕಾಲಾಳುಗಳ ಮೇಲೆಯೇ ಹಿಮ್ಮೆಟ್ಟಿದರು, ದಾಳಿ ಕೆಟ್ಟಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ‘ಊಸ್ಕೋಟ’ ಕದನ.

1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ನಡೆದಾಗ ಕೋಲಾರವನ್ನೂ ಹೊಸಕೋಟೆಯನ್ನೂ ದಾರಿಯಲ್ಲೇ ವಶಪಡಿಸಿಕೊಂಡನು. ಪೂರ್ವದ ಘಟ್ಟಗಳನ್ನು ಹತ್ತಿ ಬರುವ ಸೈನ್ಯಕ್ಕೆ ಬೆಂಗಳೂರಿಗೆ ಮುಂಚಿನ ಕೊನೆಯ ಮುಖ್ಯ ತಂಗುದಾಣ ಇದೇ.

ಹೋಬಳಿಗಳು ಮತ್ತು ಜಡಿಗೇನಹಳ್ಳಿ

1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ಹೊಸಕೋಟೆ ಗ್ರಾಮಾಂತರ ಜಿಲ್ಲೆಗೆ ಸೇರಿತು. ತಾಲ್ಲೂಕಿನಲ್ಲಿ ಐದು ಹೋಬಳಿಗಳಿವೆ: ಕಸಬಾ, ಸೂಲಿಬೆಲೆ, ನಂದಗುಡಿ, ಅನುಗೊಂಡನಹಳ್ಳಿ ಮತ್ತು ಜಡಿಗೇನಹಳ್ಳಿ. ಹೋಬಳಿ ಕಂದಾಯ ಆಡಳಿತದ ಮಧ್ಯದ ಮೆಟ್ಟಿಲು. ಜಾತಿ–ಆದಾಯ ಪತ್ರಕ್ಕೆ ನಾಡಕಚೇರಿ, ಬಿತ್ತನೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರ. ಹಳ್ಳಿಗರಿಗೆ ‘ಸರ್ಕಾರ’ ಎದುರಾಗುವುದು ಬಹುಪಾಲು ಈ ಮಟ್ಟದಲ್ಲಿಯೇ. ಮಾಲೂರಿನ ದಿಕ್ಕಿಗಿರುವ ಜಡಿಗೇನಹಳ್ಳಿ ಅಂಥ ಒಂದು ಹೋಬಳಿ ಕೇಂದ್ರ. ಕೋಟೆಯಾಗಲಿ ಕದನವಾಗಲಿ ಅದರ ಹೆಸರಿಗೆ ಅಂಟಿಕೊಂಡಿಲ್ಲ. ತಾಲ್ಲೂಕಿನ ಬೇಸಾಯದ ಬದುಕು ಹೇಗಿದೆಯೆಂದು ಅರಿಯಲು ಪಟ್ಟಣಕ್ಕಿಂತ ಇಂಥ ಊರುಗಳೇ ಮೇಲು.

ಈಗಿನ ಪೇಟೆ

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶ, 1998ರಲ್ಲಿ ಆರಂಭವಾದ ವೋಲ್ವೋ ಟ್ರಕ್ ಕಾರ್ಖಾನೆ, ಸಾಲುಸಾಲು ಗೋದಾಮುಗಳು ಇವೆಲ್ಲ ರಸ್ತೆಯ ಕೊಡುಗೆ. ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಉಪನಗರ ವರ್ತುಲ ರಸ್ತೆಯೂ ಚೆನ್ನೈಗೆ ಹೊರಡುವ ಎಕ್ಸ್‌ಪ್ರೆಸ್‌ವೇ ಕೂಡ ಇಲ್ಲಿಯೇ ಸಂಧಿಸುತ್ತವೆ.

ಪಟ್ಟಣಕ್ಕೆ ದೂರದ ಖ್ಯಾತಿ ತಂದದ್ದು ಮಾತ್ರ ದಮ್ ಬಿರಿಯಾನಿ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಸೌದೆ ಒಲೆಯ ಹಂಡೆಗಳ ಮುಂದೆ ಸಾಲು ನಿಲ್ಲುತ್ತದೆ. ಬೆಂಗಳೂರಿನಿಂದ ಬೈಕಿನಲ್ಲಿ ಬಂದವರು ಒಣ ಎಲೆಯಲ್ಲಿ ಬಡಿಸಿದ ಬಿಸಿ ಅನ್ನ–ಮಾಂಸವನ್ನು ನಿಂತೇ ತಿಂದು, ಬಿಸಿಲೇರುವ ಮೊದಲು ಹಿಂತಿರುಗುತ್ತಾರೆ. ನಸುಕಿನಲ್ಲಿ ಮಟನ್ ತಿನ್ನುವ ಈ ಪದ್ಧತಿ ಸರಿಯೋ ತಪ್ಪೋ ಎಂಬ ಚರ್ಚೆ ಸಾಲಿನಲ್ಲಿ ನಿಂತವರಿಗೆ ಕೇಳಿಸುವುದಿಲ್ಲ.

ಇಷ್ಟೊಂದು ರಸ್ತೆಗಳು ಕೂಡುವ ಊರಾದರೂ ಹೊಸಕೋಟೆ ಪಟ್ಟಣದಲ್ಲಿ ರೈಲು ನಿಲ್ದಾಣವಿಲ್ಲ. ಬೆಂಗಳೂರು–ಜೋಲಾರಪೇಟೆ ಮಾರ್ಗ ದಕ್ಷಿಣದಲ್ಲಿ, ತೈಲ ಸಂಗ್ರಹಾಗಾರಗಳಿರುವ ದೇವನಗೊಂದಿಯ ಮೂಲಕ ಹಾದುಹೋಗುತ್ತದೆ. ಪಟ್ಟಣದವರು ರೈಲು ಹಿಡಿಯಲು ಅಲ್ಲಿಗೋ ವೈಟ್‌ಫೀಲ್ಡಿಗೋ ಹೋಗಬೇಕು.