ಗಾಡಿ ನಮ್ಮದು, ಲೆಕ್ಕ ಯಾರ ಕೈಯಾಗ?

ಇವತ್ತಿನ ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ.

ಹೋದ ಹಿಂಗಾರಿಯ ಮಾತು. ಮಳಿ ಬಿಟ್ಟು ಎರಿ ಹೊಲ ಹದಕ್ಕ ಬಂದಿತ್ತು. ಕಡ್ಲಿ ಬಿತ್ತಾಕ ಬಾಡಿಗಿ ಟ್ರ್ಯಾಕ್ಟರ್ ಹೇಳಿದ್ದೆ. ಹೊಸಾ ಗಾಡಿ, ಐವತ್ತು ಎಚ್‌ಪಿ ಮ್ಯಾಲಿಂದು. ಎರಡು ಎಕರೆ ಬಿತ್ತಿರಬೇಕು, ಮೀಟರ್ ಒಳಗ ಹಳದಿ ದೀಪ ಹತ್ತಿತು, ಇಂಜಿನ್ ಶಕ್ತಿ ಕಳಕೊಂಡಿತು. ನಮ್ಮೂರ ಮೇಸ್ತ್ರಿ ಪಾನಾ ಚೀಲ ತಗೊಂಡು ಬಂದ. ಮೂವತ್ತು ವರ್ಷದಿಂದ ಇಂಜಿನ್ ಸಪ್ಪಳ ಕೇಳೇ ರೋಗ ಹೇಳಾಂವ ಅವ. ಸುತ್ತ ನೋಡಿ ಗಾಡಿ ಮಾಲಕ ಹುಡುಗಗ ಅಂದ: "ತಮ್ಮಾ, ಇದರ ರೋಗ ನನ್ನ ಕಿವಿಗೆ ಕೇಳ್ಸಂಗಿಲ್ಲ. ಇದಕ್ಕ ಕಂಪ್ಯೂಟರ್ ಹಚ್ಚಬೇಕು."

ಕಂಪ್ಯೂಟರ್ ಹಚ್ಚೋ ಹುಡುಗ ಬಂದಿದ್ದು ಮೂರನೇ ದಿನಕ್ಕ. ಲ್ಯಾಪ್‌ಟಾಪಿನ ವೈರ್ ಚುಚ್ಚಿ ನೋಡಿದ. ಒಂದು ಸೆನ್ಸರಿನ ಪಿನ್ ಸಡಿಲ ಆಗಿತ್ತು. ಹತ್ತು ನಿಮಿಷದ ಕೆಲಸ. ಆದ್ರ ಅಷ್ಟೊತ್ತಿಗೆ ಮ್ಯಾಲಿನ ಹಸಿ ಆರಿ ಹೋಗಿತ್ತು. ಮೊದಲು ಬಿತ್ತಿದ ಎರಡು ಎಕರೆ ನಾಟಿಗೂ ಆಮ್ಯಾಲೆ ಬಿತ್ತಿದ ನಾಟಿಗೂ ಇರೋ ಫರಕು ಬದುವಿನ ಮ್ಯಾಲೆ ನಿಂತ್ರ ಕಾಣ್ತಿತ್ತು.

ಅವತ್ತಿಂದ ನನ್ನ ತಲಿಯಾಗ ಒಂದ ಪ್ರಶ್ನೆ. ಗಾಡಿಯ ಲೆಕ್ಕ, ಅಂದ್ರ ಅದು ಎಲ್ಲೈತಿ, ಎಷ್ಟು ಓಡಿತು, ಏನು ಕೆಟ್ಟೈತಿ ಅನ್ನೋದು, ಯಾರ ಕೈಯಿಂದ ಯಾರ ಕೈಗೆ ಹೋತು? ಇದರ ಇತಿಹಾಸ ಹುಡುಕಿದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಇತಿಹಾಸವೂ ಅದರೊಳಗ ಸಿಗ್ತದ.

ಎತ್ತಿನ ಗಾಡಿ ಕಾಲದಾಗ ಲೆಕ್ಕ ಎಲ್ಲಾ ಹೊಡೆಯೋನ ತಲಿಯಾಗ. ಯಾವ ಎತ್ತು ಎಷ್ಟು ಜಗ್ಗತೈತಿ, ಗಾಲಿಗೆ ಎಂದು ಎಣ್ಣಿ ಬೇಕು, ಯಾವ ಹಳ್ಳ ದಾಟಬಹುದು ಅನ್ನೋದಕ್ಕ ಬರಹ ಇರಲಿಲ್ಲ.

ಬರಹದ ಲೆಕ್ಕ ಬಂದಿದ್ದು ಸರ್ಕಾರಿ ಬಸ್ಸಿನ ಜೋಡಿ. ಹಳೇ ಮೈಸೂರಿನಾಗ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರು ಆಯಿತು. ಆಗ ನಮ್ಮ ಭಾಗ ಮೈಸೂರಿಗೆ ಸೇರಿರಲಿಲ್ಲ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಾಗ ಇತ್ತು. ಮುಂಬೈ ಸರ್ಕಾರದ ಮೊದಲ ಬಸ್ಸು ಅದೇ ವರ್ಷ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ಹೋಗಿತ್ತು. 1956ರಲ್ಲಿ ಏಕೀಕರಣ ಆಗಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1961ರ ಆಗಸ್ಟ್ 1ರಂದು ರಾಜ್ಯದ ರಸ್ತೆ ಸಾರಿಗೆ ನಿಗಮ ಆಯಿತು. 1997ರಲ್ಲಿ ಅದನ್ನ ಒಡೆದು ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಸಾರಿಗೆ ಸಂಸ್ಥೆ ಮಾಡಿದರು. ನಮ್ಮ ಗದಗ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ.

ಆ ಕಾಲದ ಲೆಕ್ಕ ಕಾಗದದ್ದು. ಕಂಡಕ್ಟರ್ ಕೈಯಾಗ ವೇಬಿಲ್, ಡ್ರೈವರ್‌ಗೆ ಲಾಗ್‌ಶೀಟ್, ಬಸ್‌ಸ್ಟ್ಯಾಂಡ್ ಕಿಟಕಿಯಾಗ ಕಂಟ್ರೋಲರ್. ಬಸ್ಸು ಡಿಪೋ ಬಿಟ್ಟ ಮ್ಯಾಲೆ ವಾಪಸ್ ಬರೋತನಕ ಅದು ಎಲ್ಲೈತಿ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಹಳ್ಳದಾಗ ಹುದುಗಿದ್ರ, ಎದುರು ಬಂದ ಬಸ್ಸಿನ ಡ್ರೈವರ್ ಹೇಳಿದ್ರನ ಸುದ್ದಿ. ಆದ್ರ ಆ ಲೆಕ್ಕ ನಮ್ಮ ಕಣ್ಣೆದುರು ಇತ್ತು. ಕಿಟಕಿಗೆ ಹೋಗಿ "ಐದರ ಗಾಡಿ ಯಾಕ ಬರಲಿಲ್ರಿ ಸಾಹೇಬ್ರ?" ಅಂತ ಕೇಳಿದ್ರ ಉತ್ತರ ಕೊಡಾಕ ಒಬ್ಬ ಮನುಷ್ಯ ಇರ್ತಿದ್ದ.

ಲಾರಿಯ ಕಥಿನೂ ನಮ್ಮ ಜಿಲ್ಲೆಯಾಗೇ ಐತಿ. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಣಿಕೆ ಶುರು ಮಾಡಿದರು. ಅದು ಬೆಳೆದು ವಿಜಯಾನಂದ ರೋಡ್‌ಲೈನ್ಸ್ ಆಯಿತು. ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಅದರ ಮುಖ್ಯ ಕಚೇರಿ. ಇವತ್ತು ಸಾವಿರಾರು ವಾಹನ ಇರೋ, ದೇಶದಾಗ ದೊಡ್ಡದು ಅನಿಸಿಕೊಂಡ ಖಾಸಗಿ ಸಾಗಾಣಿಕೆ ಕಂಪನಿಗಳಾಗ ಅದೂ ಒಂದು. ವಿಚಾರ ಮಾಡ್ರಿ: ಒಂದು ಲಾರಿ ಇದ್ದಾಗ ಮಾಲಕ ತಾನೇ ನೋಡ್ಕೋಬಹುದು. ಹತ್ತಾದ್ರ ಗುಮಾಸ್ತ ಬೇಕು. ಸಾವಿರ ಆದ್ರ ಯಾವ ಗುಮಾಸ್ತನ ತಲಿಯಾಗೂ ಲೆಕ್ಕ ಹಿಡಿಸಂಗಿಲ್ಲ. ಟೈರು, ಡೀಸೆಲ್, ಪರ್ಮಿಟ್, ವಾಪಸ್ ಬರುವಾಗ ಖಾಲಿ ಬರಬಾರದು ಅನ್ನೋ ಚಿಂತಿ. ದೊಡ್ಡ ಸಾಗಾಣಿಕೆಗೆ ಕಂಪ್ಯೂಟರ್ ಶೋಕಿಗೆ ಬಂದಿದ್ದಲ್ಲ, ಲೆಕ್ಕ ಕೈಮೀರಿ ಹೋದದ್ದಕ್ಕ ಬಂತು.

ಆದ್ರ ಗಾಡಿ ಎಲ್ಲೈತಿ ಅನ್ನೋದು ಕಂಪ್ಯೂಟರಿಗೂ ಗೊತ್ತಾಗ್ತಿರಲಿಲ್ಲ. ಅದಕ್ಕ ಆಕಾಶದಿಂದ ನೋಡಬೇಕಾತು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಮೊದಲೇ ಇದ್ದವು, ಆದರೆ ಸಾಮಾನ್ಯ ಜನರಿಗೆ ಸಿಗೋ ಸಂಕೇತವನ್ನ ಅವರು ಬೇಕಂತಲೇ ಕೆಡಿಸಿ ಬಿಡ್ತಿದ್ದರು. ಸುಮಾರು 100 ಮೀಟರ್ ಆಕಡೆ ಈಕಡೆ ತೋರಿಸ್ತಿತ್ತು. ಅಂದ್ರ ನನ್ನ ಹೊಲದಾಗ ನಿಂತ್ರ ಪಕ್ಕದವನ ಹೊಲ ತೋರಿಸಬಹುದಿತ್ತು. 2000ದ ಮೇ ತಿಂಗಳಲ್ಲಿ ಆ ಕೆಡಿಸೋದನ್ನ ನಿಲ್ಲಿಸಿದರು. ಆಮೇಲೇ ಗಾಡಿ ಹುಡುಕೋ ಯಂತ್ರಗಳು ಅಗ್ಗ ಆಗಿ ಎಲ್ಲಾ ಕಡೆ ಬಂದವು. ನಮ್ಮ ಇಸ್ರೋದವರೂ 2013ರಿಂದ 2016ರ ಒಳಗೆ ಏಳು ಉಪಗ್ರಹ ಹಾರಿಸಿ ನಮ್ಮದೇ ನಾವಿಕ್ ವ್ಯವಸ್ಥೆ ಕಟ್ಟಿದರು.

ಕರ್ನಾಟಕದ ಬಸ್ಸಿಗೆ ಇದು ಮೊದಲು ದೊಡ್ಡದಾಗಿ ಬಂದಿದ್ದು ಮೈಸೂರು ನಗರ ಸಾರಿಗೆಯಲ್ಲಿ, 2012ರಲ್ಲಿ, ವಿಶ್ವಬ್ಯಾಂಕ್ ನೆರವಿನಿಂದ. 2016ರಲ್ಲಿ ಬೆಂಗಳೂರಿಗೆ ಬಂತು. ನಮಗೆ ಹತ್ತಿರದ್ದು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು. 2018ರ ಅಕ್ಟೋಬರ್‌ದಾಗ ಓಡಾಕ ಶುರು ಆತು. ಸುಮಾರು 22 ಕಿಲೋಮೀಟರ್ ದಾರಿ. ಮುಂದಿನ ಗಾಡಿ ಎಷ್ಟು ನಿಮಿಷಕ್ಕ ಬರ್ತೈತಿ ಅಂತ ನಿಲ್ದಾಣದ ಬೋರ್ಡ್ ಹೇಳತೈತಿ. 2019ರ ಜನವರಿ 1ರಿಂದ ಹೊಸದಾಗಿ ನೋಂದಣಿ ಆಗೋ ಬಸ್ಸು, ಟ್ಯಾಕ್ಸಿಗಳಿಗೆ ಇಂಥ ಯಂತ್ರ ಮತ್ತು ಆಪತ್ತಿನಾಗ ಒತ್ತೋ ಗುಂಡಿ ಇರಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡ್ತು. ರಾತ್ರಿ ಪಾಳಿ ಮುಗಿಸಿ ಬರೋ ಹೆಣ್ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಈಗ ಎಐ ಅಂತಾರಲ್ಲ, ಅದರ ವಿಷಯ. ಹಳೇ ಸಾಫ್ಟ್‌ವೇರ್ ಹೊಸ ಆಳಿನಂಗ. "ಇಂಜಿನ್ ಇಷ್ಟು ಬಿಸಿ ಆದ್ರ ದೀಪ ಹಚ್ಚು" ಅಂತ ಹೇಳಿದ್ರ ಅಷ್ಟ ಮಾಡತೈತಿ. ಎಐ ಹತ್ತು ವರ್ಷ ಹೊಲದಾಗ ದುಡಿದ ಆಳಿನಂಗ. ಸಾವಿರಾರು ಗಾಡಿಯ ಹಳೇ ಲೆಕ್ಕ ನೋಡಿ ತಾನೇ ಕಲೀತೈತಿ. ಈ ಬಸ್ಸಿನ ಬ್ಯಾಟರಿ ಇನ್ನ ಬಹಳ ದಿನ ಬಾಳಂಗಿಲ್ಲ, ಈ ದಾರಿಗೆ ಸೋಮವಾರ ಮಂದಿ ಹೆಚ್ಚು ಅಂತ ಮೊದಲೇ ಹೇಳತೈತಿ. ನಾಗಪುರದಾಗ 2021ರಿಂದ ನಗರ ಬಸ್ಸಿಗೆ ಕ್ಯಾಮೆರಾ ಕೂಡ್ರಿಸಿ, ಮುಂದೆ ಗುದ್ದೋ ಸಂಭವ ಇದ್ರ ಡ್ರೈವರ್‌ಗೆ ಎಚ್ಚರಿಕೆ ಕೊಡೋ ಯೋಜನೆ ಮಾಡ್ಯಾರ. ಅಪಘಾತ ಆಗೋ ಜಾಗ ಯಾವುವು ಅಂತ ಅದರಿಂದ ಮೊದಲೇ ಗುರುತಿಸ್ತಾರ. ಒಳ್ಳೇ ಕೆಲಸ.

ಆದ್ರ ಒಂದು ಮಾತು ನೆನಪಿಡ್ರಿ. ಮಷೀನು ಕಲಿಯೋದು ಬರೆದಿಟ್ಟಿದ್ದರಿಂದ ಮಾತ್ರ. ಬಸ್ಸಿನ ಮಷೀನಿಗೆ ಹತ್ತಿದವರು ಕಾಣ್ತಾರ. ಒಂದು ತಾಸು ನಿಂತು ವಾಪಸ್ ಮನಿಗೆ ಹೋದವರು ಕಾಣಂಗಿಲ್ಲ. ಬಸ್ಸು ಬರದ ಊರಿನಾಗ ಟಿಕೆಟ್ ಹರಿಯಂಗಿಲ್ಲ. ಟಿಕೆಟ್ ಹರಿಯದಿದ್ರ ಲೆಕ್ಕದಾಗ ಆ ಊರಿಗೆ ಮಂದೀನ ಇಲ್ಲ. ನಾಳೆ ಯಾವುದಾದ್ರೂ ಸಾಫ್ಟ್‌ವೇರ್ "ಈ ಹಳ್ಳಿ ಟ್ರಿಪ್ ಲಾಭ ಇಲ್ಲ" ಅಂತ ಹೇಳಿದ್ರ, ಅದು ಸುಳ್ಳು ಹೇಳಿದಂಗಲ್ಲ, ಅರ್ಧ ಲೆಕ್ಕ ಹೇಳಿದಂಗ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಮಕ್ಕಳಿಗೆ ಶೂನ್ಯ ಟಿಕೆಟ್ ಕೊಡ್ತಾರ. ರೊಕ್ಕ ಇಲ್ಲ ಅಂದ್ರ ಚೀಟಿ ಯಾಕ ಅಂತ ನಮ್ಮ ಮನ್ಯಾಗೂ ಕೇಳಿದರು. ಆ ಚೀಟಿ ಲೆಕ್ಕದ ಮ್ಯಾಲೇ ಸರ್ಕಾರ ನಿಗಮಕ್ಕ ರೊಕ್ಕ ತುಂಬಿಕೊಡಬೇಕು. ಅಷ್ಟ ಅಲ್ಲ, ಆ ದಾರಿಯಾಗ ಇಷ್ಟು ಜನ ಓಡಾಡ್ತಾರ ಅನ್ನೋದಕ್ಕ ಅದೇ ಸಾಕ್ಷಿ. ಶೂನ್ಯ ಟಿಕೆಟ್ ಕೇಳಿ ತಗೋರಿ ಅಂತ ಅಕ್ಕ ತಂಗೇರಿಗೆ ಹೇಳ್ರಿ.

ಈಗ ನನ್ನ ಟ್ರ್ಯಾಕ್ಟರ್ ಮಾತಿಗೆ ವಾಪಸ್ ಬರ್ತೀನಿ. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಹೊಗಿ ಕಡಿಮೆ ಮಾಡೋ ಹೊಸ ನಿಯಮ ಬಂತು. ಹಳೇ ಪಂಪು ಆ ನಿಯಮಕ್ಕ ಸಾಲಲಿಲ್ಲ. ಅದಕ್ಕ ಎಷ್ಟು ಡೀಸೆಲ್, ಯಾವ ಗಳಿಗೆಗೆ ಬಿಡಬೇಕು ಅನ್ನೋದನ್ನ ಒಂದು ಸಣ್ಣ ಕಂಪ್ಯೂಟರ್ ನಿರ್ಧಾರ ಮಾಡತೈತಿ. ಹೊಗಿ ಕಡಿಮೆ, ಡೀಸೆಲ್ ಸುಡೋದು ನಯ. ಜೋಡಿಗೆ ಗಾಡಿ ಎಲ್ಲೈತಿ, ಎಷ್ಟು ತಾಸು ಓಡಿತು ಅಂತ ಮೊಬೈಲಿಗೆ ಹೇಳೋ ಸೌಲಭ್ಯ. ಹಳೇ ಟ್ರ್ಯಾಕ್ಟರ್‌ಗಳ ತಾಸಿನ ಮೀಟರು ಇಂಜಿನ್ ಸುತ್ತು ಎಣಿಸ್ತಿತ್ತು, ಗಡಿಯಾರದ ತಾಸಿಗೂ ಅದಕ್ಕೂ ತಾಳ ಆಗ್ತಿರಲಿಲ್ಲ. ಬಾಡಿಗಿ ಜಗಳ ಎಷ್ಟು ಆಗ್ಯಾವ ನಿಮಗ ಗೊತ್ತು. ಈಗ ನಿಮಿಷದ ಲೆಕ್ಕ ಸಿಗತೈತಿ. 2016ರಲ್ಲಿ ಮಹೀಂದ್ರಾದವರು ಫೋನ್ ಮಾಡಿ ಟ್ರ್ಯಾಕ್ಟರ್ ಬಾಡಿಗೆ ತಗೊಳ್ಳೋ ಟ್ರಿಂಗೋ ಸೇವೆ ಶುರು ಮಾಡಿದ್ದು ನಮ್ಮ ಕರ್ನಾಟಕದಾಗೇ.

ಆದ್ರ ದೂರದಿಂದ ನೋಡಬಲ್ಲ ಕೈ ದೂರದಿಂದ ಹಿಡಿಯಲೂ ಬಲ್ಲದು. 2022ರಲ್ಲಿ ಉಕ್ರೇನಿನ ಮೆಲಿಟೊಪೋಲ್ ಊರಿನ ಒಂದು ಜಾನ್ ಡಿಯರ್ ಮಾರಾಟ ಮಳಿಗೆಯಿಂದ ರಷ್ಯಾದ ಸೈನಿಕರು ಟ್ರ್ಯಾಕ್ಟರ್, ರಾಶಿ ಯಂತ್ರ ಹೊತ್ತು ಚೆಚೆನ್ಯಾಕ್ಕೆ ಒಯ್ದರು. ಅಲ್ಲಿ ಚಾಲೂ ಮಾಡಾಕ ಹೋದ್ರ ಆಗಲಿಲ್ಲ. ದೂರದಿಂದಲೇ ಬಂದ್ ಮಾಡಿದ್ದರು ಅಂತ ಪತ್ರಿಕೆಗಳಲ್ಲಿ ಬಂತು. ಕಳ್ಳರಿಗೆ ಒಳ್ಳೇ ಶಾಸ್ತಿ. ಆದ್ರ ಆ ಕೀಲಿ ಗಾಡಿ ಮಾಲಕನ ಕೈಯಾಗ ಇಲ್ಲ ಅನ್ನೋದೂ ಅವತ್ತು ಜಗತ್ತಿಗೆ ಗೊತ್ತಾತು. ಒಂದು ಕಂತು ತಪ್ಪಿದ ಬಡ ರೈತನ ಗಾಡಿಗೂ ಬಿತ್ತೋ ದಿನ ಇದೇ ಕೀಲಿ ಬಿದ್ರ ಏನು ಗತಿ?

ಅಮೆರಿಕದ ರೈತರು ಸುಮ್ಮನ ಕೂಡಲಿಲ್ಲ. ನಮ್ಮ ಗಾಡಿ ನಾವೇ ರಿಪೇರಿ ಮಾಡ್ಕೋತೀವಿ, ಅದರ ಸಾಫ್ಟ್‌ವೇರ್, ಸಾಮಾನು, ಪುಸ್ತಕ ಕೊಡ್ರಿ ಅಂತ ಹೋರಾಡಿದರು. 2023ರಲ್ಲಿ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳಿಗೆ ಅಂಥ ಕಾನೂನು ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈದಾಗ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ಪಟ್ಟಿಯಾಗ ಕೃಷಿ ಉಪಕರಣವೂ ಐತಿ.

ಲೆಕ್ಕ ಕೇಳೋದು ನಮ್ಮ ನೆಲಕ್ಕ ಹೊಸದಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗೆ ಇಳಿದಿದ್ದು ಯಾತಕ್ಕ? ಮಲಪ್ರಭಾ ನೀರು ಬರದ ಹೊಲಕ್ಕೂ ಅಭಿವೃದ್ಧಿ ಕರ ಬರೆದಿದ್ದರು. ಕಾಗದದಾಗ ನೀರು ಇತ್ತು, ಹೊಲದಾಗ ಇರಲಿಲ್ಲ. ಆ ತಪ್ಪು ಲೆಕ್ಕ ಪ್ರಶ್ನೆ ಮಾಡಿದ್ದಕ್ಕ ಗುಂಡು ಹಾರಿತು, ರೈತರು ಪ್ರಾಣ ಕೊಟ್ಟರು. ಅವತ್ತು ದಫ್ತರಿನ ಲೆಕ್ಕ, ಇವತ್ತು ಮಷೀನಿನ ಲೆಕ್ಕ. ಹೊಲದಾಗ ಇರೋದನ್ನ ಹೇಳಬೇಕಾದವರು ಮಾತ್ರ ಅವತ್ತೂ ನಾವ, ಇವತ್ತೂ ನಾವ.

ನಾನು ಮಷೀನಿನ ವಿರೋಧಿ ಅಲ್ಲ. ನನಗ ತಿಳಿದಷ್ಟು ಮೂರು ಕೆಲಸ ಹೇಳ್ತೀನಿ. ಒಂದು, ಹೊಸ ಟ್ರ್ಯಾಕ್ಟರ್ ತಗೊಳ್ಳೋ ಮೊದಲು ಎಚ್‌ಪಿ ಕೇಳಿದಂಗ ಇದನ್ನೂ ಕೇಳ್ರಿ: ದೀಪ ಹತ್ತಿದ್ರ ಎಷ್ಟು ದಿನಕ್ಕ ಮಂದಿ ಬರ್ತಾರ, ಗಾಡಿಯ ಲೆಕ್ಕ ಯಾರು ನೋಡ್ತಾರ, ದೂರದಿಂದ ಬಂದ್ ಮಾಡೋ ಅಧಿಕಾರ ಕಾಗದದಾಗ ಬರೆದಾರೇನು. ಉತ್ತರ ಬರಹದಾಗ ತಗೋರಿ. ಎರಡು, ಬಸ್ಸು ಬರದ ದಿನ, ನಿಂತು ವಾಪಸ್ ಹೋದವರ ಎಣಿಕಿ ಪಂಚಾಯ್ತಿಯಾಗ ಒಂದು ವಹಿ ಮಾಡಿ ಬರೆದಿಡ್ರಿ. ತಿಂಗಳಿಗೊಮ್ಮೆ ಡಿಪೋ ಮ್ಯಾನೇಜರ್ ಸಾಹೇಬರಿಗೆ ಕೊಟ್ಟು ಪೋಚು ತಗೋರಿ. ನಮ್ಮ ದಾರಿಯ ಟ್ರಿಪ್, ಟಿಕೆಟ್ ಲೆಕ್ಕ 2005ರ ಮಾಹಿತಿ ಹಕ್ಕಿನ ಕಾನೂನಿನಾಗ ಕೇಳಬಹುದು. ಮೂರು, ನಾಲ್ಕೈದು ಊರು ಕೂಡಿ ನಮ್ಮ ಮೇಸ್ತ್ರಿ ಹುಡುಗರಿಗೆ ಆ ಲ್ಯಾಪ್‌ಟಾಪ್ ವಿದ್ಯೆ ಕಲಿಸೋಣ. ಕಿವಿಯ ಅನುಭವ, ಕಂಪ್ಯೂಟರಿನ ಕಣ್ಣು ಎರಡೂ ಒಬ್ಬನ ಹತ್ತಿರ ಇದ್ರ ಹದ ಆರೋದ್ರೊಳಗ ಗಾಡಿ ಚಾಲೂ ಆಗ್ತದ.

ಮೇಸ್ತ್ರಿಗೆ ಇದನ್ನ ಹೇಳಿದೆ. "ನನ್ನ ವಯಸ್ಸು ಆತು, ಮಗನ್ನ ಕಳಸ್ತೀನಿ" ಅಂದಾನ. ನಿಮ್ಮೂರಾಗ ಹಿಂಗ ಗಾಡಿ ನಿಂತದ್ದು, ಬಸ್ಸು ತಪ್ಪಿದ್ದು ಇದ್ರ ಕೆಳಗ ತಾರೀಖು ಸಮೇತ ಬರೀರಿ. ವಹಿ ಇಲ್ಲಿಂದಲೇ ಶುರು ಮಾಡೋಣ.