ಇಲ್ಲದ ಮಂದ್ರದ ಚರಿತ್ರೆ

ನಮ್ಮ ಅಜ್ಜನ ದನಿ ದೊಡ್ಡದು. ತಾಳಮದ್ದಲೆಯಲ್ಲಿ ಭೀಷ್ಮನ ಅರ್ಥ ಹೇಳುತ್ತಿದ್ದವರು. ಮೈಕು ಕೈಕೊಟ್ಟರೂ ಕಡೆಯ ಸಾಲಿನವರಿಗೆ ಕೇಳುತ್ತಿತ್ತಂತೆ. ಆ ದನಿಯಲ್ಲಿ ಈಗ ಉಳಿದಿರುವುದು ನಾಲ್ಕು ನಿಮಿಷದ ಒಂದು ಫೈಲು ಮಾತ್ರ. ಊರಿನ ಲ್ಯಾಂಡ್‌ಲೈನಿನಿಂದ ಅತ್ತೆಗೆ ಮಾಡಿದ ಕರೆ ಅದು. ಅಡಿಕೆ ಕೊಯ್ಲಿಗೆ ಜನ ಸಿಗದ ಗೋಳು, ಯಾರದೋ ಮದುವೆ, ಕೊನೆಗೆ ಮಳೆ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಹಾಕಿದರೂ ಸಾಕು, ಅಡುಗೆಮನೆಯಲ್ಲಿದ್ದವರು ಹೊರಗೆ ಬರುತ್ತಾರೆ.

ನನ್ನ ಸಂಶೋಧನೆ ಧ್ವನಿಮುದ್ರಣದ ಚರಿತ್ರೆಯ ಕುರಿತದ್ದು. ಕಳೆದ ವರ್ಷ ಒಂದು ಅಧ್ಯಾಯಕ್ಕಾಗಿ ಹಳೆಯ ಮುದ್ರಿಕೆಗಳ ಆವರ್ತನ ನಕ್ಷೆಗಳನ್ನು ತೆಗೆಯುತ್ತಿದ್ದಾಗ, ಸುಮ್ಮನೆ ಕುತೂಹಲಕ್ಕೆ ಅಜ್ಜನ ಫೈಲನ್ನೂ ತೆರೆದೆ. 300 ಹರ್ಟ್ಸ್‌ನ ಕೆಳಗೆ ನಕ್ಷೆ ಹೆಚ್ಚುಕಡಿಮೆ ಖಾಲಿ. ಇದರಲ್ಲಿ ಅಚ್ಚರಿಯೇನೂ ಇರಬಾರದಿತ್ತು. ಹಳೆಯ ದೂರವಾಣಿ ಜಾಲ ಸಾಗಿಸುತ್ತಿದ್ದದ್ದೇ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು. ಆದರೆ ಅಜ್ಜನಂಥವರ ದನಿಯ ಮೂಲಸ್ವರ ಇರುವುದು 100 ಹರ್ಟ್ಸ್‌ನ ಆಸುಪಾಸಿನಲ್ಲಿ. ಅಂದರೆ ನಾವೆಲ್ಲ ಯಾವುದನ್ನು ಅಜ್ಜನ ದಪ್ಪ ದನಿ ಎನ್ನುತ್ತಿದ್ದೆವೋ ಅದು ಆ ಫೈಲಿನಲ್ಲಿ ಇರಲೇ ಇಲ್ಲ. ಇದ್ದದ್ದು ಅದರ ಉಪಸ್ವರಗಳು: 400, 500, 600, 700 ಹೀಗೆ ಏಣಿಯ ಮೆಟ್ಟಿಲಿನಂತೆ ಸಮಾನ ಅಂತರದ ಗೆರೆಗಳು. ಏಣಿಯ ಕೆಳಗಿನ ಮೂರು ಮೆಟ್ಟಿಲು ಮುರಿದಿದ್ದವು. ಆದರೂ ಕಿವಿ ನೆಲ ಎಲ್ಲಿದೆಯೆಂದು ಕಂಡುಕೊಂಡಿತ್ತು.

ಇವತ್ತು ಮೊಬೈಲು, ಲ್ಯಾಪ್‌ಟಾಪು, ಅಂಗೈಯಗಲದ ಬ್ಲೂಟೂತ್ ಸ್ಪೀಕರುಗಳಿಂದ ಬರುವ ‘ಬಾಸ್’ನ ಒಂದು ಪಾಲು ಹುಟ್ಟುವುದು ಕಿವಿಯ ಈ ಗುಣದಿಂದಲೇ. ಅದರ ಹಿಂದೆ ಒಂದೂವರೆ ಶತಮಾನದ ಜಗಳವೊಂದಿದೆ.

ಮೊದಲು ಸ್ಪೀಕರಿನ ಕಷ್ಟ ಹೇಳಿಬಿಡುತ್ತೇನೆ. ಸ್ಪೀಕರು ಮಾಡುವ ಕೆಲಸ ಗಾಳಿಯನ್ನು ತಳ್ಳುವುದು. ಸದ್ದಿನ ಮಟ್ಟ ಅಷ್ಟೇ ಇರಬೇಕೆಂದರೆ, ಸ್ವರ ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ತಳ್ಳಬೇಕಾದ ಗಾಳಿ ನಾಲ್ಕು ಪಟ್ಟಾಗುತ್ತದೆ. 400 ಹರ್ಟ್ಸ್‌ನಿಂದ 50ಕ್ಕೆ ಬಂದರೆ ಮೂರು ಸ್ಥಾಯಿ, ಅಂದರೆ 64 ಪಟ್ಟು. ಮೊಬೈಲಿನೊಳಗಿನ ತೆಳು ಹಾಳೆಗೆ ಅಲುಗಾಡಲು ಇರುವ ಜಾಗ ಕೂದಲೆಳೆಯಷ್ಟು. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಇಂದಿನ ಮಾದರಿಯ ಸ್ಪೀಕರನ್ನು ರೂಪಿಸಿದಂದಿನಿಂದಲೂ ಈ ಲೆಕ್ಕ ಬದಲಾಗಿಲ್ಲ. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಪೆಟ್ಟಿಗೆಯನ್ನು ಪುಸ್ತಕದ ಕಪಾಟಿಗೆ ಹಿಡಿಸುವಷ್ಟು ಚಿಕ್ಕದು ಮಾಡಿದರು. ಅದಕ್ಕೆ ಬೆಲೆಯಾಗಿ ಹೆಚ್ಚು ವಿದ್ಯುತ್ತು ಸುರಿಯಬೇಕಾಯಿತು. ಚಿಕ್ಕ ಪೆಟ್ಟಿಗೆ, ಆಳದ ಮಂದ್ರ, ಕಡಿಮೆ ವಿದ್ಯುತ್ತು: ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು ಎಂಬುದನ್ನು ಧ್ವನಿ ಎಂಜಿನಿಯರುಗಳು ಇಂದಿಗೂ ‘ಹಾಫ್‌ಮನ್‌ನ ಉಕ್ಕಿನ ನಿಯಮ’ ಎನ್ನುತ್ತಾರೆ. ಆ ಹಾಫ್‌ಮನ್ ಪ್ರಸಿದ್ಧ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್‌ರ ಮಗ.

ಸೋರುವಲ್ಲಿ ಹೆಚ್ಚು ಸುರಿಯೋಣ ಎಂದೂ ನೋಡಿದರು. 1968ರ ಬೋಸ್ 901ರಲ್ಲಿ ಒಂಬತ್ತು ಸಣ್ಣ ಸ್ಪೀಕರುಗಳಿದ್ದವು, ಜೊತೆಗೆ ಅವುಗಳ ಕೊರತೆ ತುಂಬಲು ಮಂದ್ರವನ್ನು ಎತ್ತಿಕೊಡುವ ಒಂದು ಸರ್ಕ್ಯೂಟು. ಆದರೆ ಹತ್ತು ಡೆಸಿಬೆಲ್ ಎತ್ತಲು ಹತ್ತು ಪಟ್ಟು ಶಕ್ತಿ ಬೇಕು. ಸಣ್ಣ ಸ್ಪೀಕರಿನ ಸುರುಳಿ ಸುಟ್ಟುಹೋಗುತ್ತದೆ. ಈಗಿನ ಡಿಜಿಟಲ್ ಚಿಪ್ಪುಗಳು ಸುರುಳಿಯ ಬಿಸಿಯನ್ನೂ ಹಾಳೆಯ ಓಲಾಟವನ್ನೂ ಕ್ಷಣಕ್ಷಣಕ್ಕೆ ಅಂದಾಜು ಮಾಡುತ್ತ, ಅಪಾಯದ ಗೆರೆಯವರೆಗೆ ತಳ್ಳಿ ಅಲ್ಲಿ ನಿಲ್ಲಿಸುತ್ತವೆ. ಜಾಣತನವೇನೋ ಹೌದು. ಆದರೆ ಗೆರೆ ಇದ್ದಲ್ಲೇ ಇದೆ. ಅದನ್ನು ದಾಟುವ ದಾರಿ ತೆರೆದದ್ದು ಕಿವಿಯ ಕಡೆಯಿಂದ.

ಈಗ 1841ರ ಜರ್ಮನಿಗೆ ಹೋಗಬೇಕು. ಔಗುಸ್ಟ್ ಸೀಬೆಕ್ ಎಂಬ ಭೌತವಿಜ್ಞಾನಿ, ಉಷ್ಣವಿದ್ಯುತ್ತಿನ ಸೀಬೆಕ್‌ರ ಮಗ, ರಂಧ್ರಗಳಿದ್ದ ತಟ್ಟೆಯೊಂದನ್ನು ತಿರುಗಿಸುತ್ತ ಅದಕ್ಕೆ ಕೊಳವೆಯಿಂದ ಗಾಳಿ ಊದುತ್ತಿದ್ದರು. ರಂಧ್ರ ಎದುರಾದಾಗಲೆಲ್ಲ ಗಾಳಿಯ ಒಂದು ತುಣುಕು ಹೊರಬೀಳುತ್ತದೆ. ತುಣುಕುಗಳು ಬೇಗಬೇಗ ಬಂದಾಗ ಸ್ವರ ಕೇಳುತ್ತದೆ. ರಂಧ್ರಗಳ ನಡುವಿನ ಅಂತರವನ್ನು ಒಂದು ಬಿಟ್ಟು ಒಂದರಂತೆ ಚೂರು ಹೆಚ್ಚುಕಡಿಮೆ ಮಾಡಿದಾಗ ಅವರಿಗೆ ಒಂದು ಸ್ಥಾಯಿ ಕೆಳಗಿನ ಸ್ವರ ಸ್ಪಷ್ಟವಾಗಿ ಕೇಳಿಸಿತು. ಲೆಕ್ಕ ಹಾಕಿ ನೋಡಿದರೆ ಆ ಕೆಳಗಿನ ಸ್ವರದ ಪಾಲು ಸದ್ದಿನಲ್ಲಿ ಇದ್ದದ್ದು ತೀರ ಅಲ್ಪ. ಅಷ್ಟು ಸಣ್ಣದು ಅಷ್ಟು ಗಟ್ಟಿಯಾಗಿ ಕೇಳುವುದು ಹೇಗೆ? ಮೇಲಿನ ಉಪಸ್ವರಗಳೂ ಸೇರಿ ಕೆಳಗಿನ ಸ್ವರವನ್ನು ಕೇಳಿಸುತ್ತವೆ ಎಂದು ಸೀಬೆಕ್ ವಾದಿಸಿದರು.

ಎದುರಾಳಿಯಾಗಿ ಬಂದವರು ಗಿಯೋರ್ಗ್ ಓಮ್. ಹೌದು, ನಾವು ಹೈಸ್ಕೂಲಿನಲ್ಲಿ ಉರುಹೊಡೆದ ಓಮ್‌ನ ನಿಯಮದವರೇ. ಯಾವ ಅಲೆಯನ್ನಾದರೂ ಶುದ್ಧ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ಫೂರಿಯೆಯ ಗಣಿತವನ್ನು ಹಿಡಿದು, ಕಿವಿಯೂ ಹಾಗೇ ಬಿಡಿಸುತ್ತದೆ, ಆ ಆವರ್ತನದ ಅಲೆ ಇದ್ದರೆ ಮಾತ್ರ ಆ ಸ್ವರ ಕೇಳುತ್ತದೆ ಎಂದು 1843ರಲ್ಲಿ ಬರೆದರು. ಹಾಗಾದರೆ ಸೀಬೆಕ್ ಕೇಳಿದ್ದೇನು? ಶ್ರವಣಭ್ರಮೆ ಎಂದರು ಓಮ್. ಒಬ್ಬರು ತಾವು ಕೇಳಿದ್ದನ್ನು ಸಾಕ್ಷಿಯಾಗಿ ಮುಂದಿಟ್ಟರು, ಇನ್ನೊಬ್ಬರು ಅದು ಸಿದ್ಧಾಂತಕ್ಕೆ ಒಗ್ಗದ್ದರಿಂದ ಭ್ರಮೆ ಎಂದರು. ನನಗೆ ಈ ಪ್ರಸಂಗ ಓದಿದಾಗಲೆಲ್ಲ ಸೀಬೆಕ್‌ರ ಪರವಾಗಿ ಸಿಟ್ಟು ಬರುತ್ತದೆ. ಅವರು 1849ರಲ್ಲಿ ತೀರಿಕೊಂಡರು. ಹದಿನಾಲ್ಕು ವರ್ಷಗಳ ನಂತರ ಬಂದ ಹೆಲ್ಮ್‌ಹೋಲ್ಟ್ಸ್‌ರ ಸ್ವರಸಂವೇದನೆಯ ಮಹಾಗ್ರಂಥ ಓಮ್‌ರ ಪಕ್ಷ ವಹಿಸಿತು. ಅಷ್ಟು ದೊಡ್ಡ ಹೆಸರು ಒಂದು ಕಡೆ ನಿಂತ ಮೇಲೆ ಜಗಳ ಮುಗಿದಂತೆಯೇ.

ಅದನ್ನು ಮತ್ತೆ ಕೆದಕಿದ್ದು ದೂರವಾಣಿ. ಬೆಲ್ ಬಳಗದ ಹಾರ್ವೆ ಫ್ಲೆಚರ್ 1924ರಲ್ಲಿ ಸಂಗೀತದ ಸ್ವರಗಳಿಂದ ಮೂಲಸ್ವರವನ್ನೂ ಕೆಳಗಿನ ಕೆಲವು ಉಪಸ್ವರಗಳನ್ನೂ ಸೋಸಿ ತೆಗೆದರೂ ಶ್ರುತಿ ಬದಲಾಗುವುದಿಲ್ಲವೆಂದು ತೋರಿಸಿದರು. ಆದರೆ ವಿವರಣೆ ಹಳೆಯ ಜಾಡಿನಲ್ಲೇ ಇತ್ತು: ಕಿವಿಯ ಯಂತ್ರ ಚೂರು ಸೊಟ್ಟ, ಅದು ಸದ್ದನ್ನು ವಿರೂಪಗೊಳಿಸುವಾಗ ಮೂಲಸ್ವರ ಒಳಗೇ ನಿಜವಾಗಿ ಹುಟ್ಟುತ್ತದೆ ಎಂದು. ಇದನ್ನು ಪರೀಕ್ಷೆಗೆ ಒಡ್ಡಿದವರು ಹಾಲೆಂಡಿನ ಐಂಡ್‌ಹೋವನ್‌ನಲ್ಲಿದ್ದ ಫಿಲಿಪ್ಸ್ ಪ್ರಯೋಗಾಲಯದ ಸ್ಕೌಟನ್. 1938ರ ಸುಮಾರಿಗೆ ಅವರು ಬೆಳಕಿನಿಂದ ನಡೆಯುವ ಒಂದು ಸೈರನ್ ಕಟ್ಟಿ, 200 ಹರ್ಟ್ಸ್‌ನ ಮೂಲಸ್ವರವನ್ನು ಕಿವಿಯೊಳಗೂ ಉಳಿಯದಂತೆ ಎದುರಲೆಯಿಂದ ಅಳಿಸಿದರು. ಅಳಿದದ್ದು ಖಾತ್ರಿಯಾಗಲು ಪಕ್ಕದ ಇನ್ನೊಂದು ಸ್ವರವನ್ನು ನುಡಿಸಿದರು. ಮೂಲಸ್ವರ ಉಳಿದಿದ್ದರೆ ಎರಡೂ ತಾಕಿ ಮಿಡಿತ ಕೇಳಬೇಕು. ತಂಬೂರಿ ಶ್ರುತಿ ಮಾಡುವವರಿಗೆ ಈ ಮಿಡಿತ ಗೊತ್ತು. ಮಿಡಿತ ಕೇಳಲಿಲ್ಲ. ಆದರೆ 200ರ ಶ್ರುತಿ ಹಾಗೇ ಇತ್ತು. ಸೀಬೆಕ್ ಸತ್ತು ತೊಂಬತ್ತು ವರ್ಷಗಳಾಗಿದ್ದವು.

ಆಮೇಲಿನದು ವೇಗವಾಗಿ ಸಾಗಿತು. 1954ರಲ್ಲಿ ಲಿಕ್ಲೈಡರ್, ಮುಂದೆ ಇಂಟರ್ನೆಟ್ಟಿನ ಪೂರ್ವಜರಲ್ಲಿ ಒಬ್ಬರೆನಿಸಿದ ಅದೇ ಲಿಕ್ಲೈಡರ್, ಕೆಳಗಿನ ಆವರ್ತನಗಳನ್ನೆಲ್ಲ ಗದ್ದಲದಿಂದ ಮುಚ್ಚಿದರೂ ಇಲ್ಲದ ಸ್ವರ ಕೇಳುವುದೆಂದು ತೋರಿಸಿದರು. 1972ರಲ್ಲಿ ಹೌಟ್ಸ್ಮಾ ಮತ್ತು ಗೋಲ್ಡ್‌ಸ್ಟೈನ್ ಒಂದು ಉಪಸ್ವರವನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಕೊಟ್ಟರು. ಎರಡೂ ಯಾವ ಕಿವಿಯಲ್ಲೂ ಭೇಟಿಯಾಗುವಂತಿಲ್ಲ. ಆದರೂ ಕೇಳುಗರಿಗೆ ಮೂಲಸ್ವರದ ಶ್ರುತಿ ಸಿಕ್ಕಿತು. ಅದು ಮಿದುಳಿನಲ್ಲಿ ಕೂಡಿಕೊಳ್ಳುತ್ತಿತ್ತು.

ಈ ಕಥೆಯ ಇನ್ನೊಂದು ಎಳೆ ನಮ್ಮ ತಂಬೂರಿಯಲ್ಲಿದೆ. ಗಂಡುದನಿಯ ಷಡ್ಜ ಸುಮಾರು 138 ಹರ್ಟ್ಸ್ ಎಂದುಕೊಂಡರೆ, ತಂಬೂರಿಯ ಮಂದ್ರ ಷಡ್ಜದ ತಂತಿ 69 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅಂಥ ಹಗುರ ಬುರುಡೆಯಿಂದ ಆ ಮಂದ್ರವನ್ನು ನೇರವಾಗಿ ಗಟ್ಟಿಯಾಗಿ ಹೊರಡಿಸುವುದು ಕಷ್ಟ. ಆದರೆ ಅಗಲವಾಗಿ ಬಾಗಿದ ಕುದುರೆ, ಅದರ ಮೇಲೆ ತಂತಿಯಡಿ ಸಿಕ್ಕಿಸಿದ ನೂಲೆಳೆ ಸೇರಿ ತಂತಿಯ ಪ್ರತಿ ಓಲಾಟದಲ್ಲೂ ಉಪಸ್ವರಗಳ ದೊಡ್ಡ ಗೊಂಚಲನ್ನೇ ಎಬ್ಬಿಸುತ್ತವೆ. ಸ್ವಯಂಭೂ ಗಾಂಧಾರ ಕೇಳುವುದು ಅದರಿಂದಲೇ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಅಲುಗದಿರಬೇಕಾದ ಉಪಸ್ವರಗಳು ಹುಟ್ಟಕೂಡದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್‌ರ ಹೆಸರಿನ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಜಗ್ಗುವುದಿಲ್ಲವೆಂದು 1921ರಲ್ಲಿ ಬರೆದವರು ಸಿ. ವಿ. ರಾಮನ್. ಜವಾರಿ ಕೂರಿಸುವವರಿಗೆ ಆ ನಿಯಮದ ಹೆಸರೂ ಗೊತ್ತಿದ್ದಿರಲಾರದು, ಅದನ್ನು ಮೀರುವುದು ಮಾತ್ರ ಗೊತ್ತಿತ್ತು.

ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಮಾಡುವುದೂ ಒಂದು ಬಗೆಯ ಜವಾರಿಯನ್ನೇ. ಸ್ಪೀಕರಿಗೆ ನಿಲುಕದ ಮಂದ್ರವನ್ನು, ಉದಾಹರಣೆಗೆ 50 ಹರ್ಟ್ಸ್‌ನ ಸ್ವರವನ್ನು, ಮೊದಲು ಸೋಸಿ ಬೇರೆ ಮಾಡುತ್ತಾರೆ. ಅದರ ಅಲೆಯನ್ನು ಬೇಕೆಂದೇ ವಿರೂಪಗೊಳಿಸಿದಾಗ 100, 150, 200, 250ರ ಉಪಸ್ವರಗಳು ಹುಟ್ಟುತ್ತವೆ. ಸ್ಪೀಕರಿಗೆ ನಿಲುಕುವವನ್ನು ಆರಿಸಿ, ತಕ್ಕ ತೂಕ ಕೊಟ್ಟು, ಉಳಿದ ಸಂಗೀತಕ್ಕೆ ಬೆರೆಸುತ್ತಾರೆ. ಮೂಲದ 50ನ್ನು ಬಿಟ್ಟೇ ಬಿಡುತ್ತಾರೆ. ಹೇಳಿದಷ್ಟು ಸುಲಭವೇನಲ್ಲ. ಅಲೆಯ ಕೆಳಭಾಗವನ್ನು ಮೇಲಕ್ಕೆ ಮಡಚುವುದು ಅತಿ ಸರಳ ವಿಧಾನ. ಆದರೆ ಅದರಿಂದ 100, 200, 300 ಮಾತ್ರ ಬರುತ್ತವೆ, ಕಿವಿ ಆ ಏಣಿಯ ನೆಲವನ್ನು 100 ಎಂದೇ ಎಣಿಸಿ ಇಡೀ ಮಂದ್ರವನ್ನು ಒಂದು ಸ್ಥಾಯಿ ಮೇಲಕ್ಕೆತ್ತಿಬಿಡುತ್ತದೆ. ಎರಡು ಮಂದ್ರ ಸ್ವರಗಳು ಒಟ್ಟಿಗೆ ಬಂದರೆ ಅವುಗಳ ಉಪಸ್ವರಗಳ ಜೊತೆ ಕರೆಯದ ನೆಂಟರೂ ಹುಟ್ಟುತ್ತಾರೆ. ತೂಕ ಹೆಚ್ಚಾದರೆ ಡಬ್ಬದೊಳಗಿನಿಂದ ಗೊರಗೊರ. 50ಕ್ಕಿಂತ 200 ಹರ್ಟ್ಸ್‌ಗೆ ನಮ್ಮ ಕಿವಿ ಬಹಳ ಚುರುಕು, ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದಿದ್ದರು. ಹಾಗಾಗಿ ಉಪ್ಪು ಹಾಕುವಷ್ಟೇ ಎಚ್ಚರ ಬೇಕು.

ಇದನ್ನು ಮಾರುಕಟ್ಟೆಗೆ ತಂದವರಲ್ಲಿ ಮೊದಲಿಗರೆಂದರೆ ಇಸ್ರೇಲಿನ ವೇವ್ಸ್ ಸಂಸ್ಥೆ; ಅವರ ‘ಮ್ಯಾಕ್ಸ್‌ಬಾಸ್’ ತಂತ್ರದ ಅಮೆರಿಕನ್ ಪೇಟೆಂಟ್ ಶಾಶುವಾ ಮತ್ತು ಗ್ಲಾಟರ್ ಹೆಸರಿನಲ್ಲಿ 1999ರಲ್ಲಿ ಬಂತು. ಈ ವಿದ್ಯೆಯ ಬಗ್ಗೆ ಕೂತು ಓದಬೇಕಾದ ಪುಸ್ತಕವನ್ನು ಲಾರ್ಸನ್ ಮತ್ತು ಆರ್ಟ್ಸ್ 2004ರಲ್ಲಿ ಹೊರತಂದರು. ರೊನಾಲ್ಡ್ ಆರ್ಟ್ಸ್ ಇದ್ದದ್ದು ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ, ಸ್ಕೌಟನ್ ಮೂಲಸ್ವರವನ್ನು ಅಳಿಸಿ ನೋಡಿದ್ದ ಅಲ್ಲಿಯೇ. ವಿರೂಪದಿಂದ ಸ್ವರ ಹುಟ್ಟುತ್ತದೆಂದು ಹಳಬರು ಕಿವಿಯೊಳಗೆ ಕಲ್ಪಿಸಿಕೊಂಡಿದ್ದ ಆ ಸೊಟ್ಟ ಯಂತ್ರ ಈಗ ಕಿವಿಯ ಹೊರಗೆ, ಚಿಪ್ಪಿನೊಳಗೆ ಬಂದು ಕೂತಿದೆ. ಉಲ್ಟಾ ದಿಕ್ಕಿನಲ್ಲಿ ಕೆಲಸ ಮಾಡುತ್ತಿದೆ.

ಈ ತಂತ್ರದ ಬಗ್ಗೆ ನನಗೆ ಪೂರ್ತಿ ಭಕ್ತಿಯಿಲ್ಲ. ಎಳೆದು ನುಡಿಸಿದ ಸ್ವರಕ್ಕೆ, ಮನುಷ್ಯರ ದನಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ಏಣಿ ಇದೆ. ಮೃದಂಗದ ಬಲಮುಖದ ಕರಣೆ ಚರ್ಮದ ಸದ್ದನ್ನು ಉಪಸ್ವರಗಳ ಏಣಿಗೆ ಹೊಂದಿಸುತ್ತದೆಂದು 1934ರಲ್ಲಿ, ಆಗ ಬೆಂಗಳೂರಿನಲ್ಲಿದ್ದ ರಾಮನ್ನರೇ ವಿವರಿಸಿದ್ದಾರೆ. ಆದರೆ ರವೆ ಮೆತ್ತಿದ ಎಡಮುಖದ ಗುಂಕಾರ ಬೇರೆ ಜಾತಿಯದು. ಅದರಲ್ಲಿ ಸ್ವರಕ್ಕಿಂತ ತಳ್ಳಿದ ಗಾಳಿಯೇ ಹೆಚ್ಚು. ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರ ಎದೆಗೆ ತಾಕುವ ಆ ಪೆಟ್ಟನ್ನು ಯಾವ ಉಪಸ್ವರವೂ ಕಟ್ಟಿಕೊಡುವುದಿಲ್ಲ. ಮೊಬೈಲಿನಲ್ಲಿ ತನಿ ಆವರ್ತನ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಜ್ಜನ ಫೈಲಿಗೆ ಬರುತ್ತೇನೆ. ನಾನು ಅದರ ಮೇಲೆ ಉಲ್ಟಾ ಪ್ರಯೋಗ ಮಾಡಿದೆ. ಉಪಸ್ವರಗಳ ಅಂತರ ನೋಡಿ ಮೂಲಸ್ವರವನ್ನು ಲೆಕ್ಕ ಹಾಕಿ, 100ರ ಸುತ್ತ ಓಡಾಡುವ ಆ ಕೆಳಗಿನ ಮೆಟ್ಟಿಲುಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಸೇರಿಸಿದೆ. ಎರಡು ರಾತ್ರಿ ಹಿಡಿಯಿತು. ದೀಪಾವಳಿಗೆ ಊರಿಗೆ ಹೋದಾಗ ಹೆಡ್‌ಫೋನಿನಲ್ಲಿ ಎರಡನ್ನೂ ಅತ್ತೆಗೆ ಕೇಳಿಸಿದೆ, ಯಾವುದು ಯಾವುದೆಂದು ಹೇಳದೆ. ಹೊಸದರಲ್ಲಿ ಅಪ್ಪ ಪಕ್ಕದಲ್ಲೇ ಕೂತಂತಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೆ ಅವತ್ತು ಫೋನಿನಲ್ಲಿ ಅಪ್ಪ ಹೀಗಿರಲಿಲ್ಲ ಮಾರಾಯ ಎಂದರು. ಹಳೆಯದನ್ನೇ ಅವರ ಮೊಬೈಲಿಗೆ ಹಾಕಿಕೊಟ್ಟೆ.